ಹಂಪವ್ವ ಮಾಡಿದ ಗಂಡನ ಬಾಣಂತನ

ಹುಲಿಹೈದರದ ಯಾವ ಓಣಿಗೆ ಹೋದರೂ ಸೂಲಗಿತ್ತಿ ಹಂಪವ್ವ ಹಿಡಿದ ಕೂಸುಗಳೇ. ಮೀಸೆ ಬಂದವರನ್ನೂ ಆಕೆ ‘ನನ್ನ ಕೂಸು’ ಎಂದೇ ಕರೆಯುತ್ತಿದ್ದಳು. ಮೂವತ್ತು ವರ್ಷಗಳಲ್ಲಿ ಆಕೆ ಹೆದರಿದ್ದು ಒಂದಕ್ಕೇ, ನಿಲ್ಲದ ರಕ್ತಕ್ಕೆ. ಹೆರಿಗೆಯಾದ ಮೇಲೆ ರಕ್ತ ಹರಿದೇ ಇಬ್ಬರು ಹುಡುಗಿಯರು ಆಕೆಯ ಕಣ್ಣೆದುರು ಹೋಗಿದ್ದರು.

2013ರ ಚಳಿಗಾಲದಲ್ಲಿ ಗಂಡ ಕನಕಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಎಂದರು. ಕುರಿಗಳ ಹಿಂದೆ ನಡೆದೇ ಆಯುಷ್ಯ ಸವೆಸಿದ ಮನುಷ್ಯ. ಹುಬ್ಬಳ್ಳಿಯಲ್ಲಿ ಆಪರೇಶನ್ ಆಯಿತು. ಮನೆಗೆ ಕಳಿಸುವ ದಿನ ಡಾಕ್ಟರು ಮಗಳು ರೇಣುಕಾದೇವಿಗೆ ಸೂಜಿಮದ್ದಿನ ಡಬ್ಬಿ ಕೊಟ್ಟು ಹೇಳಿದರು: “ಕ್ಯಾನ್ಸರ್ ಆಪರೇಶನ್ ಆದವ್ರಿಗೆ ಕಾಲಾಗ ರಕ್ತ ಹೆಪ್ಪುಗಟ್ಟತೈತಿ. ಇದು ರಕ್ತ ತೆಳ್ಳಗ ಇಡತೈತಿ. ಇನ್ನೂ ಇಪ್ಪತ್ತು ದಿನ ತಪ್ಪಿಸಬ್ಯಾಡ್ರಿ. ದಿನಾ ನಡಸ್ರಿ. ಕಾಲು ಬಾತ್ರ ಓಡಿ ಬರ್ರಿ.”

‘ರಕ್ತ ತೆಳ್ಳಗೆ’ ಎಂದದ್ದು ಕೇಳಿಯೇ ಹಂಪವ್ವನಿಗೆ ಆ ಇಬ್ಬರು ಹುಡುಗಿಯರು ನೆನಪಾದರು. ಮನೆಗೆ ಬಂದ ಮೂರನೆಯ ದಿನ ಸೂಜಿ ಚುಚ್ಚಿದ ಕಡೆ ನೀಲಿಗಟ್ಟಿದ್ದನ್ನು ಕಂಡಳು.

“ಸೂಜಿ ಸಾಕ್ ಬಿಡ ಯವ್ವಾ. ಹೊಲಿಗಿ ಇನ್ನೂ ಹಸಿ ಐತಿ. ರಕ್ತ ನೀರಾದ್ರ ಒಳಗ ಹರದು ನಿಮ್ಮಪ್ಪ ಸಾಯ್ತಾನ.”

“ಡಾಕ್ಟರು ಹೇಳ್ಯಾರಬೇ!”

“ಅವರು ಕೊಯ್ದು ಕಳಸ್ತಾರ. ಕೂಡಿಸಾಕಿ ನಾನು.”

ಊರೇ ನಂಬುವ ಅವ್ವನ ಮಾತಿಗೆ ರೇಣುಕಾ ಸೂಜಿಮದ್ದಿನ ಡಬ್ಬಿ ಎತ್ತಿಟ್ಟಳು.

ಆಮೇಲೆ ಹಂಪವ್ವ ತನಗೆ ಗೊತ್ತಿದ್ದ ಒಂದೇ ಆರೈಕೆ ಮಾಡಿದಳು. ಗಂಡನನ್ನು ಬಾಣಂತಿಯ ಹಾಗೆ ಹೊರಸಿನ ಮೇಲೆ ಮಲಗಿಸಿ, ಹೊಟ್ಟೆಗೆ ಹಳೆ ಸೀರೆ ಬಿಗಿದು, ಕಿವಿಗೆ ಅರಳೆ ಇಟ್ಟು, ಕೆಳಗೆ ಕೆಂಡ ಹಾಕಿದಳು.

ಗೆಳೆಯ ನಜೀರಸಾಬ ನೋಡಲು ಬಂದವನು ಬಾಗಿಲಲ್ಲೇ ನಿಂತುಬಿಟ್ಟ. “ಏನೋ ಕನಕಾ, ಗಂಡೋ ಹೆಣ್ಣೋ?”

“ಹೊಟ್ಟ್ಯಾಗಿನ ಗಡ್ಡಿ ಹಡದೀನೋ ಮಾರಾಯಾ. ಡಾಕ್ಟರು ತಾವ ಇಟಗೊಂಡಾರ.” ಕನಕಪ್ಪ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡ. “ಕಾಲು ಮರಗಟ್ಟ್ಯಾವ. ಹಟ್ಟಿ ತನಾ ಹೋಗಿ ಕುರಿ ನೋಡಿ ಬರ್ತೀನಂದ್ರ ಈಕಿ ಬಿಡವಲ್ಲಳು.”

“ನಲವತ್ತು ದಿನ ಸುಮ್ನ ಬೀಳು. ಹಡದಾಕಿನೂ ಇಷ್ಟು ಕಾಡಂಗಿಲ್ಲ,” ಎಂದಳು ಹಂಪವ್ವ.

ಹನ್ನೆರಡನೆಯ ದಿನ ಎಡಗಾಲಿನ ಮೀನಖಂಡ ಬಾತು ಬಿಸಿಯಾಯಿತು.

“ಹೋಗೂಣಬೇ, ಗಂಗಾವತಿಗಾದ್ರೂ,” ರೇಣುಕಾ ಗೋಗರೆದಳು.

“ವಾಯು ಇಳದೈತಿ. ಮೊದ್ಲ ತಿಕ್ಕತೀನಿ, ಇಳೀಲಿಲ್ಲಂದ್ರ ಹೋಗೂಣಂತ.”

ಎಷ್ಟು ಬಾಣಂತಿಯರ ಬಾವು ಇಳಿಸಿದ ಕೈಗಳು ಅವು! ಔಡಲೆಣ್ಣೆ ಕಾಯಿಸಿ ಹಿಮ್ಮಡಿಯಿಂದ ಮೊಣಕಾಲಿನವರೆಗೆ ಒತ್ತಿ ಒತ್ತಿ ನೀವಿದಳು. ಕನಕಪ್ಪ ಕಣ್ಣು ಮುಚ್ಚಿ, “ಹಗೂರಕ... ಹಾಂ, ಛಲೋ ಆತು ನೋಡು” ಎಂದ. ಎಣ್ಣೆ ಬಟ್ಟಲು ಎತ್ತಿಡುವಷ್ಟರಲ್ಲಿ ಎದೆ ಹಿಡಿದು ಎದ್ದು ಕೂತ. ಉಸಿರು ಸಿಗಲಿಲ್ಲ. ನಜೀರಸಾಬ ಟಂಟಂ ಆಟೊ ತಂದ. ಗಂಗಾವತಿ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಅಲ್ಲಿನ ಡಾಕ್ಟರು ಕಾಲು ನೋಡಿ ಮೆಲ್ಲಗೆ ಕೇಳಿದರು. “ಯಾರರೆ ತಿಕ್ಕೀರೇನಮ್ಮಾ?”

“ನಾನ್ರಿ.”

“ಕಾಲಾಗ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕ ಹೋಗಿರಬೇಕು.”

“ತಿಕ್ಕದಿದ್ರ ಉಳೀತಿದ್ನೇನ್ರಿ?”

ಡಾಕ್ಟರು ಹೇಳಿದರು: “ತಿಕ್ಕದಿದ್ರೂ ಒಮ್ಮೊಮ್ಮಿ ಹೋಗತೈತಿ. ಹೇಳಾಕ ಬರಂಗಿಲ್ಲಮ್ಮಾ.”

ಹೌದು ಎಂದಿದ್ದರೆ ತನ್ನನ್ನೇ ಶಪಿಸಿಕೊಳ್ಳುತ್ತಿದ್ದಳು. ಇಲ್ಲ ಎಂದಿದ್ದರೆ ಬರೀ ಗಂಡನಿಗಾಗಿ ಅಳುತ್ತಿದ್ದಳು. ಎರಡೂ ಆಗದೆ ಗೋಡೆ ಹಿಡಿದು ನಿಂತಳು.

ಮರುದಿನ ಅಂಗಳದಲ್ಲಿ ಹೆಣಕ್ಕೆ ನೀರು ಹಾಕುವಾಗ ಹೆಂಗಸರು ಆಕೆಯನ್ನೇ ಮುಂದೆ ತಂದರು. “ಊರಿಗೆಲ್ಲಾ ಎರದಾಕಿ ನೀನು, ಹಂಪಕ್ಕಾ. ನಿನ್ನ ಗಂಡಗ ನೀನ ಎರಿ.”

ತಲೆಗೆ ಹಾಕಿದಳು. ಎದೆಗೆ ಹಾಕಿದಳು. ಹೊಟ್ಟೆಯ ಹೊಲಿಗೆ ಚೆನ್ನಾಗಿ ಮಾಯ್ದು ಕೂಡಿತ್ತು. ಒಂದು ಹನಿ ರಕ್ತವಿರಲಿಲ್ಲ. ಅದರ ಮೇಲೂ ನೀರು ಬಿಟ್ಟಳು. ಮೊಣಕಾಲಿಗೆ ಬಂದಾಗ ಕೈ ಮುಂದೆ ಹೋಗಲಿಲ್ಲ. ಚೊಂಬನ್ನು ಮಗಳ ಕಡೆ ಚಾಚಿದಳು.

“ಕಾಲು ನೀ ತೊಳಿ ಯವ್ವಾ. ನಾ ಮುಟ್ಟಂಗಿಲ್ಲ.”