ಕಿಟಕಿಯಲ್ಲಿ ತಲೆಬಾಗಿದವಳು

ಬೀದಿಯವರೆಲ್ಲ ಅವಳನ್ನು ಗುಂಡಿಯಕ್ಕ ಎನ್ನುತ್ತಿದ್ದರು. ಮೂರು ಶಾಲೆಗಳ ಮಕ್ಕಳ ಅಂಗಿ ಅವಳ ಹೊಲಿಗೆ ಮೆಷಿನ್ ದಾಟಿಯೇ ಹೊರಡಬೇಕು. ಮೆಷಿನ್ನಿನ ಹೊಲಿಗೆ ಯಾರಾದರೂ ಹಾಕಿಯಾರು, ಆದರೆ ಗುಂಡಿ ತೂರಿಸುವ ಕಾಜ ಮಾತ್ರ ಕೈಯಲ್ಲೇ ಆಗಬೇಕು ಎಂಬುದು ಅವಳ ಹಟ. ಎಡಗೈಯವಳಾದ್ದರಿಂದ ಅವಳು ಕಟ್ಟಿದ ಕಾಜದ ದಾರ ಬೇರೆಯವರದಕ್ಕೆ ತಿರುವುಮುರುವಾಗಿ ಸುತ್ತಿಕೊಂಡಿರುತ್ತಿತ್ತು. ರಸ್ತೆಯಲ್ಲಿ ಎದುರಾದ ಮಗುವಿನ ಎದೆ ನೋಡಿ, ಅಂಗಿ ತನ್ನದು ಹೌದೋ ಅಲ್ಲವೋ ಎಂದು ನಡೆಯುತ್ತಲೇ ಹೇಳಬಲ್ಲವಳು.

ಗಂಡ ಮೇಷ್ಟ್ರು. ಪಾಠ ಬಿಟ್ಟು ರಾಜಕೀಯಕ್ಕೆ ಬಂದು ಆರು ವರ್ಷವಾದರೂ ಆ ಹೆಸರು ಬಿಟ್ಟಿರಲಿಲ್ಲ. ಅವರಿಗೆ ದೇವರಿಲ್ಲ. ಅದನ್ನು ಮೈಕಿನಲ್ಲೇ ಹೇಳುತ್ತಿದ್ದರು. ಅವರ ಪ್ರಸಿದ್ಧ ಭಾಷಣ ಶುರುವಾಗುತ್ತಿದ್ದುದೇ ಹೀಗೆ: "ಒಬ್ಬ ತಾಯಿ ಒಂಬತ್ತು ತಿಂಗಳು ಹಾಸಿಗೆ ಹಿಡಿದಿದ್ದಳು. ಹದಿನಾರರ ಮಗಳು ಹಾಸಿಗೆ ಬದಲಿಸಿದಳು, ಬೆನ್ನು ಒರೆಸಿದಳು, ಚಮಚದಲ್ಲಿ ಹಾಲು ಕುಡಿಸಿದಳು. ತಾಯಿ ಎದ್ದು ಕೂತಳು. ಬಂದವರೆಲ್ಲ ದೇವರಿಗೆ ಕೈ ಮುಗಿದರು. ಆ ಮಗಳತ್ತ ಒಬ್ಬರೂ ತಿರುಗಿ ನೋಡಲಿಲ್ಲ. ಅವತ್ತು ನನಗೆ ಗೊತ್ತಾಯಿತು!"

ಗೊತ್ತಾದದ್ದು ಗುಂಡಿಯಕ್ಕನಿಗೆ. ತಾಯಿ ಅವಳ ತಾಯಿ, ಬೆನ್ನು ಒರೆಸಿದ್ದು ಅವಳ ಎಡಗೈ. ಮದುವೆಯಾದ ಹೊಸದರಲ್ಲಿ ಈರುಳ್ಳಿ ಹೆಚ್ಚುತ್ತ ಹೇಳಿಕೊಂಡ ಮಾತು ಅದು. ಆಗ ಮೇಷ್ಟ್ರು ಪರೀಕ್ಷೆಗೆ ಹೊರಟರೂ ದೇವರ ಮುಂದೆ ನಿಂತು ಹೋಗುವ ಆಸಾಮಿ. ಅವರು ದೇವರನ್ನು ಬಿಟ್ಟದ್ದಕ್ಕೆ ಊರೆಲ್ಲ ಚರ್ಚೆಯಾಯಿತು. ಅವಳು ಬಿಟ್ಟದ್ದು ಯಾರಿಗೂ ತಿಳಿಯಲಿಲ್ಲ. ಅನ್ನಕ್ಕಿಟ್ಟು ಬಂದು ಕೂತಷ್ಟೇ ಸದ್ದಿಲ್ಲದೆ ನಡೆದುಹೋದ ಸಂಗತಿ ಅದು.

ಚುನಾವಣೆಗೆ ಎರಡು ತಿಂಗಳಿರುವಾಗ ಪಕ್ಷದ ಕಾರ್ಯದರ್ಶಿ ಬಂದು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತ.

"ಅತ್ತಿಗೆ, ಮನೆಮನೆ ಸುತ್ತಿ ಬಂದ್ವಿ. ಮೇಷ್ಟ್ರು ಒಳ್ಳೇವ್ರು ಅಂತಾರೆ. ಮನೆಮನೆಗೂ ನಲ್ಲಿ ಹಾಕಿಸಿದ್ರೆ ಅವ್ರೇ ಹಾಕಿಸ್ಬೇಕು ಅಂತಾರೆ. ಆಮೇಲೆ ದನಿ ಇಳಿಸಿ ಒಂದೇ ಮಾತು ಕೇಳ್ತಾರೆ, ಆ ಮನೇಲಿ ದೇವ್ರು ಅನ್ನೋರು ಒಬ್ರೂ ಇಲ್ವಾ ಅಂತ."

"ಇಲ್ಲ ಅನ್ನೋದು ತಾನೇ?"

"ಅತ್ತಿಗೆ ಇದಾರಲ್ಲ ಅಂದುಬಿಟ್ಟೆ."

"ನನ್ನನ್ನ ಯಾವಾಗಪ್ಪಾ ಕೇಳಿದೆ?"

ಅವನು ಪೆಚ್ಚಾಗಿ ನಕ್ಕ. "ಗಂಡಸು ದೇವ್ರನ್ನ ಬಿಟ್ರೆ ವಿಚಾರವಂತ ಅಂತಾರೆ ಅತ್ತಿಗೆ. ಅವನ ಪಾಲಿಂದೂ ಸೇರಿಸಿ ಬೇಡ್ಕೊಳ್ಳೋಳು ಒಬ್ಳು ಮನೇಲಿದ್ರೆ ನುಂಗ್ಕೋತಾರೆ. ಹೆಂಗಸೂ ಬಿಟ್ಳು ಅಂದ್ರೆ ಮುಗೀತು, ಮನೇನೇ ಕೆಟ್ಟದ್ದು ಅಂತಾರೆ."

ಮೇಷ್ಟ್ರು ಒಳಗಿನಿಂದ ಬಂದರು. "ಸಂಜೆ ಅರ್ಧ ಗಂಟೆ ಕಣೇ. ಬೀದಿ ಕಡೆ ಕಿಟಕೀಲಿ ಒಂದು ದೀಪ. ನೀನು ಸುಮ್ನೆ ತಲೆಬಾಗಿ ಕೂತ್ಕೊಂಡ್ರೆ ಸಾಕು."

"ನನ್ನ ಮಾತು ನೀವು ವೇದಿಕೇಲಿ ಆಡ್ತೀರಿ. ನಿಮ್ಮ ಭಕ್ತಿ ನಾನು ಕಿಟಕೀಲಿ ಮಾಡ್ಬೇಕು. ಚೆನ್ನಾಗಿದೆ ಕಣ್ರೀ ಹಂಚಿಕೆ."

"ಆಹಾ! ಇದನ್ನೂ ಭಾಷಣಕ್ಕೆ ಹಾಕ್ಕೋಬಹುದು," ಎಂದು ಮೇಷ್ಟ್ರು ನಕ್ಕರು. ಅವಳು ನಗದಿದ್ದುದನ್ನು ಕಂಡು ಗಂಭೀರರಾದರು.

ಬೀದಿ ಕೊನೆಯ ಒಂದೇ ನಲ್ಲಿಯ ಮುಂದೆ ದಿನಕ್ಕೆರಡು ತಾಸು ಕೊಡ ಹಿಡಿದು ನಿಂತು ಸವೆದ ಸೊಂಟ ಅವಳದು. ನಲ್ಲಿ ಬರಬೇಕಿತ್ತು. ಅದಕ್ಕೇ ಒಪ್ಪಿದಳು. ಆದರೆ ಒಂದು ಕರಾರು ಹಾಕಿದಳು: "ಗೆದ್ದ ದಿನ ಅದೇ ಮೈಕಿನಲ್ಲಿ ಹೇಳ್ಬೇಕು. ಆ ಮಗಳು ನನ್ನ ಹೆಂಡತಿ, ಅವಳಿಗೂ ದೇವರಿಲ್ಲ, ನನಗಿಂತ ಮೊದಲೇ ಇಲ್ಲ ಅಂತ. ಹೆಸರು ಹೇಳಿ."

"ಆಯ್ತು, ಮಾತು ಕೊಟ್ಟೆ," ಎಂದರು ಮೇಷ್ಟ್ರು. ಸಾಕ್ಷಿಗೆ ಕಾರ್ಯದರ್ಶಿ ಇದ್ದ. ಒಲೆಯ ಮೇಲೆ ಹಾಲು ಉಕ್ಕಿತು. ಒರೆಸಿದ್ದೂ ಅವಳೇ.

ಮಾರನೆಯ ಸಂಜೆಯಿಂದ ಹೊಲಿಗೆ ಕೋಣೆಯ ಕಿಟಕಿ ತೆರೆಯಿತು. ಬೂದು ಶಾಲನ್ನು ತಲೆಯ ಮೇಲೆಳೆದುಕೊಂಡು ಗುಂಡಿಯಕ್ಕ ದೀಪದ ಹಿಂದೆ ಕೂತಳು. ಅರ್ಧ ಗಂಟೆ ಸುಮ್ಮನೆ ಕೂರುವುದು ಯಾವ ಹೆಂಗಸಿಗೆ ಸಾಧ್ಯ? ಶಾಲೆ ತೆರೆಯುವ ಮುಂಚೆ ನೂರಾರು ಅಂಗಿ ಮುಗಿಯಬೇಕಿತ್ತು. ಮೂರನೆಯ ಸಂಜೆಗೆ ಮಡಿಲಲ್ಲೊಂದು ಅಂಗಿ ಇಟ್ಟುಕೊಂಡು ಕಾಜ ಕಟ್ಟತೊಡಗಿದಳು. ಕಿಟಕಿಯ ಕಟ್ಟೆ ಎತ್ತರವಾಗಿತ್ತು. ಬೀದಿಗೆ ಕಾಣುತ್ತಿದ್ದುದು ಬಾಗಿದ ತಲೆ, ಮಿಸುಕುವ ಬೆರಳ ತುದಿ, ಪ್ರತಿ ಹೊಲಿಗೆಯನ್ನೂ ಎಣಿಸುತ್ತ ಅಲುಗುವ ತುಟಿ.

ವಾರದೊಳಗೆ ಕಿಟಕಿಯ ಕೆಳಗೆ ಹೆಂಗಸರು ನಿಲ್ಲತೊಡಗಿದರು.

ಮೊದಲು ಬಂದವಳು ಹಾಲಿನಕ್ಕ, ದಿನವೂ ಮನೆಗೆ ಹಾಲು ಹಾಕುವವಳು. "ಎಷ್ಟು ಬೇಡ್ಕೋತೀಯೇ ಮಾರಾಯ್ತಿ! ಬೆರಳು ನಿಲ್ಲಲ್ಲ, ತುಟಿ ನಿಲ್ಲಲ್ಲ. ಅಂಥಾ ಗಂಡನ್ನ ಕಟ್ಕೊಂಡು ಮನೆ ಎತ್ತಿ ಹಿಡಿದಿದೀಯಲ್ಲ, ನಿಂಗೆ ಎರಡಾಳಿನ ಶಕ್ತಿ ಇರ್ಬೇಕು. ನನ್ನ ಮೊಮ್ಮಗೂಗೆ ನಾಲ್ಕು ದಿನದಿಂದ ಜ್ವರ. ಒಂದು ಮಾತು ಹೇಳು ಅವನಿಗೆ."

"ಯಾರಿಗೆ?"

"ಮೇಲಿನವನಿಗೆ ಕಣೇ! ಇನ್ಯಾರಿಗೆ?"

"ಡಾಕ್ಟರಿಗೆ ತೋರ್ಸಿದ್ಯಾ ಹಾಲಿನಕ್ಕಾ?"

ಹಾಲಿನಕ್ಕ ಅದು ತಮಾಷೆ ಎಂದುಕೊಂಡು ನಕ್ಕು ಹೋದಳು. ಅವತ್ತು ಗುಂಡಿಯಕ್ಕನ ಕೈಯಲ್ಲಿದ್ದದ್ದು ಆ ಮಗುವಿನ ಅಂಗಿಯೇ. ಮಾರನೆಯ ಬೆಳಿಗ್ಗೆ ಜ್ವರ ಇಳಿದಿತ್ತು. ಬೇಡಿಕೊಳ್ಳುವಾಗ ಆ ಅಂಗಿ ಅವಳ ಮಡಿಲಲ್ಲೇ ಇತ್ತಂತೆ ಎಂಬ ಸುದ್ದಿ ಬೀದಿಗೆಲ್ಲ ಹಬ್ಬಿತು. ಆಮೇಲೆ ಎಲ್ಲರಿಗೂ ಸಂಜೆ ಕಿಟಕಿಯಲ್ಲಿ ಅವಳ ಮಡಿಲಲ್ಲಿದ್ದ ಅಂಗಿಯೇ ಬೇಕು. ಬೇಕರಿಯವನ ಹೆಂಡತಿಯಂತೂ ಬಂದು, "ಅಕ್ಕಾ, ಹಗಲು ಹೊಲಿದಿದ್ದು ಬೇಡ, ಸಂಜೇದೇ ಕೊಡು," ಎಂದಳು. ಜ್ವರ ತಾನಾಗಿ ಇಳಿಯುತ್ತದೆ ಎಂದು ಗುಂಡಿಯಕ್ಕನಿಗೆ ಗೊತ್ತು. ಆದರೂ ಸಂಜೆ ಕೂತಾಗ, ತಾನು ದಾರ ಪೋಣಿಸುವ ಮೊದಲೇ ಸೂಜಿಯಲ್ಲಿ ದಾರವಿರುವುದನ್ನು ಎರಡು ಸಲ ಗಮನಿಸಿದಳು. ಮರೆವು ಎಂದುಕೊಂಡಳು.

ಆ ನಡುವೆ ತಂಗಿಗೆ ಹೆರಿಗೆಯಾಯಿತು. ಬಾಣಂತಿಯ ಕೆಲಸಕ್ಕೆ ಯಾರು ಹೋಗಬೇಕು ಎಂಬ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಲಿಲ್ಲ. ಏಳು ಅಂಗಿಗಳನ್ನು ಕಾಜವಿಲ್ಲದೆ ಬುಟ್ಟಿಯಲ್ಲಿ ಬಿಟ್ಟು, ಎರಡು ದಿನಕ್ಕಾಗುವಷ್ಟು ಅಡುಗೆ ಮಾಡಿಟ್ಟು ಬಸ್ಸು ಹತ್ತಿದಳು. ಮೂರನೆಯ ದಿನ ಬೆಳಿಗ್ಗೆ ಮರಳಿದಾಗ ಹಾಲಿನಕ್ಕ ಬಾಗಿಲಲ್ಲೇ ಸಿಕ್ಕಳು.

"ಬ್ಯಾಗು ಹಿಡ್ಕೊಂಡು ಬೆಳಬೆಳಿಗ್ಗೆ ಎಲ್ಲಿಗೆ ಹೋಗಿದ್ದೆ?"

"ತಂಗಿ ಮನೇಗೆ. ಎರಡು ರಾತ್ರಿ ಅಲ್ಲೇ ಇದ್ದೆ."

"ಸಾಕು ಸುಮ್ನಿರು. ನಿನ್ನೆ ಸಂಜೆ ನಾನು ಕಿಟಕಿ ಕೆಳಗೆ ನಿಂತಿರ್ಲಿಲ್ವಾ? ಮೊನ್ನೇನೂ ನಿಂತಿದ್ದೆ. ಕಣ್ಣಲ್ಲಿ ನೀರು ತುಂಬ್ಕೊಂಡು ಕೂತಿದ್ದೆ ನೀನು. ತುಟಿ ಹಿಂಗೆ ಹಿಂಗೆ ಅಲುಗ್ತಿತ್ತು."

ಒಳಗೆ ಹೋದಳು. ಕಿಟಕಿಯ ಬಳಿ ಅವಳ ಹೊಲಿಗೆ ಬೊಂಬೆ ನಿಂತಿತ್ತು. ಅಳತೆ ನೋಡಲು ಬಟ್ಟೆ ತೊಡಿಸುವ, ಹತ್ತಿ ತುಂಬಿದ ಬೊಂಬೆ. ಅದರ ಕತ್ತಿನ ಮೇಲೆ ಬೂದು ಶಾಲು ಹೊದಿಸಿತ್ತು.

"ಬೀದಿಯವ್ರು ಕಾಯ್ತಾರಲ್ಲ, ಅದಕ್ಕೆ ನಿಲ್ಲಿಸಿದ್ದೆ," ಎಂದರು ಮೇಷ್ಟ್ರು ನಾಚಿಕೆಯಿಂದ. "ದೂರಕ್ಕೆ ಯಾರಿಗೆ ಗೊತ್ತಾಗುತ್ತೆ?"

"ರೀ, ಇದಕ್ಕೆ ತಲೆಯೇ ಇಲ್ಲ."

"ಶಾಲಿತ್ತಲ್ಲ."

ಹೌದು, ಬೊಂಬೆಗೆ ತಲೆಯೂ ಇರಲಿಲ್ಲ, ಕೈಯೂ ಇರಲಿಲ್ಲ. ಕತ್ತಿನ ಜಾಗದಲ್ಲಿ ಒಂದು ಮರದ ಬಿರಡೆ. ಬೀದಿ ಎರಡು ಸಂಜೆ ಅದರ ಕಣ್ಣೀರು ನೋಡಿತ್ತು.

ಬಿಟ್ಟ ಕೆಲಸ ಮುಂದುವರಿಸೋಣ ಎಂದು ಅವಳು ಬುಟ್ಟಿಗೆ ಕೈ ಹಾಕಿದಳು. ಏಳೂ ಅಂಗಿಗಳ ಕಾಜ ಮುಗಿದಿತ್ತು. ಒತ್ತಾದ, ಒಂದೇ ಸಮನಾದ ಹೊಲಿಗೆ. ದಾರ ಎಡಗೈಯ ಕಡೆಯಿಂದ ಸುತ್ತಿತ್ತು. ತಮ್ಮ ಅಂಗಿಯ ಗುಂಡಿ ಕಿತ್ತುಹೋದರೆ ಪಿನ್ನು ಚುಚ್ಚಿಕೊಂಡು ಓಡಾಡುವವರು ಮೇಷ್ಟ್ರು. ಅವರನ್ನು ಕೇಳುವುದರಲ್ಲಿ ಅರ್ಥವಿರಲಿಲ್ಲ. ಅವಳು ತನ್ನ ಎಡಗೈ ಬೆರಳನ್ನು ಬೆಳಕಿಗೆ ಹಿಡಿದು ನೋಡಿದಳು. ಎರಡು ದಿನ ಸೂಜಿ ಮುಟ್ಟದ ಬೆರಳ ತುದಿಯಲ್ಲಿ ಹೊಸದಾಗಿ ಚುಚ್ಚಿದ ಗುರುತುಗಳಿದ್ದವು.

ಅಂದಿನಿಂದ ಕಿಟಕಿಯಲ್ಲಿ ಕೂರುವುದು ಅವಳಿಗೆ ಬೇಡವಾಯಿತು. ಆದರೆ ಚುನಾವಣೆಯ ದಿನ ಹತ್ತಿರ ಬಂದಿತ್ತು. ಕೂತಳು. ಕೂತಾಗ ಎಡ ಭುಜಕ್ಕೆ ಆತುಕೊಂಡು ಇನ್ನೊಬ್ಬಳೂ ಕೂತಿದ್ದಾಳೆ ಅನ್ನಿಸುತ್ತಿತ್ತು. ತಿರುಗಿ ನೋಡಿದರೆ ಬರೀ ಗೋಡೆ, ಅದರ ಮೊಳೆಗೆ ನೇತುಹಾಕಿದ ಅಳತೆ ಪಟ್ಟಿ.

ಮತದಾನದ ಹಿಂದಿನ ಸಂಜೆ ಅವಳು ಎದ್ದು ನಿಂತಳು. "ನಾನು ಕೂರಲ್ಲ. ನಾಳೆ ಮತ ಹಾಕೋರು ನಿಜ ತಿಳ್ಕೊಂಡೇ ಹಾಕ್ಲಿ. ನಲ್ಲಿ ಬೇಕಾದ್ರೆ ದೇವರಿಲ್ಲದ ಮನೆಯಿಂದ್ಲೇ ತಗೊಳ್ಳಲಿ." ಮೇಷ್ಟ್ರು ಗೋಗರೆದರು. ಅವಳು ಶಾಲನ್ನು ಮೆಷಿನ್ನಿನ ಮೇಲೆ ಎಸೆದು ಬೀದಿಗಿಳಿದಳು. ಕಿಟಕಿಯ ಕೆಳಗೆ ಇಪ್ಪತ್ತು ಮೂವತ್ತು ಹೆಂಗಸರಿದ್ದರು. ಅವಳು ಅವರ ನಡುವೆ ಹೋಗಿ ನಿಂತಳು.

"ಕೇಳ್ರೇ. ನಂಗೆ ದೇವರಿಲ್ಲ. ಹದಿನಾರನೇ ವಯಸ್ಸಿಂದ ಇಲ್ಲ. ನಾನು ಅಲ್ಲಿ ಕೂತು ಬೇಡ್ಕೋತಿರ್ಲಿಲ್ಲ, ಕಾಜ ಕಟ್ತಿದ್ದೆ. ನಿಮ್ಮ ಮಕ್ಕಳ ಜ್ವರ ಇಳಿಸಿದ್ದು ನೀವು, ನಿದ್ದೆಗೆಟ್ಟವರು ನೀವು."

ಬೇಕರಿಯವನ ಹೆಂಡತಿ ಅವಳ ಕಡೆ ತಿರುಗದೆ ತುಟಿಗೆ ಬೆರಳಿಟ್ಟಳು. "ಶ್! ಮೆಲ್ಲಗೆ ಅಕ್ಕಾ. ಅವಳು ಬೇಡ್ಕೋತಿದಾಳೆ."

"ಯಾರು?"

"ಗುಂಡಿಯಕ್ಕ."

"ಹಾಲಿನಕ್ಕಾ, ನಾನು ಇಲ್ಲಿದೀನಲ್ಲೇ!" ಎಂದು ಅವಳು ಹಾಲಿನಕ್ಕನ ತೋಳು ಹಿಡಿದು ಅಲುಗಿಸಿದಳು. ಹಾಲಿನಕ್ಕ ನೊಣ ಕೂತಂತೆ ತೋಳು ಕೊಡವಿದಳು. ಕಣ್ಣು ಕಿಟಕಿಯಿಂದ ಕದಲಲಿಲ್ಲ. ಎಲ್ಲರ ಮುಖದ ಮೇಲೂ ದೀಪದ ಬೆಳಕಿತ್ತು. ಗುಂಡಿಯಕ್ಕನೂ ಕತ್ತೆತ್ತಿದಳು. ಬೂದು ಶಾಲಿನ ಕೆಳಗೆ ಒಂದು ತಲೆ ಬಾಗಿತ್ತು. ಮೇಷ್ಟ್ರು ಮತ್ತೆ ಬೊಂಬೆ ನಿಲ್ಲಿಸಿದ್ದಾರೆ ಎಂದು ಸಮಾಧಾನ ಹೇಳಿಕೊಂಡಳು. ಅಷ್ಟರಲ್ಲಿ ಬೆರಳುಗಳು ಮಿಸುಕಿದವು.

ಮೇಷ್ಟ್ರು ಗೆದ್ದರು. ಈ ಬೀದಿಯಲ್ಲಿ ಒಂದು ಮತವೂ ಆಚೀಚೆಯಾಗಲಿಲ್ಲವಂತೆ.

ವಿಜಯದ ಸಭೆಯಲ್ಲಿ ಗುಂಡಿಯಕ್ಕ ಮುಂದಿನ ಸಾಲಿನಲ್ಲೇ ಕೂತಳು. ಮೇಷ್ಟ್ರು ಮೈಕು ಹಿಡಿದರು. ತಾಯಿ, ಹಾಸಿಗೆ, ಹದಿನಾರರ ಮಗಳು, ಎಲ್ಲ ಬಂತು. ಅವರ ಕಣ್ಣು ಒಮ್ಮೆ ಅವಳ ಕಡೆ ಹೊರಳಿತು. ಪಕ್ಕದಲ್ಲಿ ಕಾರ್ಯದರ್ಶಿ ಕೆಮ್ಮಿದ. "ದೇವರಿಲ್ಲದ ನನ್ನನ್ನು ನೀವು ಒಪ್ಪಿದಿರಿ," ಎಂದರು ಮೇಷ್ಟ್ರು. "ಅದಕ್ಕೆ ನಿಮಗೆ ಎಷ್ಟು ಋಣಿಯೋ, ಸಂಜೆ ಸಂಜೆ ನನಗಾಗಿ ತಲೆಬಾಗಿದ ನನ್ನ ಹೆಂಡತಿಗೂ ಅಷ್ಟೇ ಋಣಿ." ಚಪ್ಪಾಳೆ ಬಿದ್ದಾಗ ಜನ ಅವಳತ್ತ ತಿರುಗಲಿಲ್ಲ. ಬಹಳ ಮಂದಿ ಕತ್ತು ಹೊರಳಿಸಿ ಬೀದಿಯ ಕಡೆ, ಆ ಕಿಟಕಿಯ ಕಡೆ ನೋಡಿದರು.

ಅವಳು ಜಗಳಾಡಲಿಲ್ಲ. ಮಾರನೆಯ ದಿನ ತಳ್ಳುಗಾಡಿ ತರಿಸಿ ಮೆಷಿನ್, ಬುಟ್ಟಿ, ಕತ್ತರಿ ಹೇರಿಸಿದಳು. ಬೊಂಬೆಯನ್ನು ತಾನೇ ಅವಚಿಕೊಂಡು ಹೊತ್ತಳು, ಶಾಲನ್ನು ಮಡಚಿ ಅದರ ಮೇಲಿಟ್ಟಳು.

"ಅಡುಗೆ?" ಎಂದರು ಮೇಷ್ಟ್ರು.

"ಕಿಟಕೀಲಿ ಕೂತಿರೋಳನ್ನ ಕೇಳಿ. ಕೈ ಚುರುಕಾಗಿದೆ ಅವಳದ್ದು."

ಈಗ ಅವಳು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಹೊಲಿಯುತ್ತಾಳೆ. ಮಹಡಿಗೂ ನಲ್ಲಿ ನೀರು ಹತ್ತಿದೆ, ಆ ಮಾತನ್ನು ಮೇಷ್ಟ್ರು ಉಳಿಸಿಕೊಂಡರು. ದೇವರಿದೆಯಾ ಎಂದು ಕೇಳಿದವರಿಗೆ ಇಲ್ಲ ಎನ್ನುತ್ತಾಳೆ. ಅವಳ ಅಂಗಿ ಕೊಳ್ಳುವವರು ಕಡಿಮೆಯಾಗಿದ್ದಾರೆ. ಸಂಜೇದು ಅಲ್ವಲ್ಲ ಎನ್ನುತ್ತಾರೆ.

ಮೊನ್ನೆ ದಾರದ ಉಂಡೆ ತರಲು ಹೋದವಳು ಹಳೆಯ ಬೀದಿ ಹಾದು ಬಂದಳು. ಮುಸ್ಸಂಜೆ. ಕಿಟಕಿಯ ಕೆಳಗೆ ಹೆಂಗಸರು ನಿಂತಿದ್ದರು. ಮೇಷ್ಟ್ರು ರಾಜಧಾನಿಗೆ ಹೋಗಿ ವಾರವಾಗಿತ್ತು, ಬಾಗಿಲಿಗೆ ಬೀಗವಿತ್ತು. ಬೊಂಬೆಯೂ ಶಾಲೂ ಅವಳ ಕೋಣೆಯಲ್ಲಿದ್ದವು. ದೀಪದ ಹಿಂದೆ ಬೂದು ಶಾಲು ಹೊದ್ದ ತಲೆ ಬಾಗಿತ್ತು, ಎಡಗೈ ಎದ್ದು ಇಳಿಯುತ್ತಿತ್ತು.

ಗುಂಡಿಯಕ್ಕ ಹೆಂಗಸರ ಸಾಲಿನ ಕೊನೆಯಲ್ಲಿ ನಿಂತು ಬಹಳ ಹೊತ್ತು ನೋಡಿದಳು. ಹೆದರಿಕೆ ಆಗಲೇ ಹಳೆಯದಾಗಿತ್ತು. ತಿಳಿಯಬೇಕಾದ್ದು ಒಂದೇ ಉಳಿದಿತ್ತು: ಆ ಹೆಂಗಸು ನಿಜವಾಗಿ ಬೇಡಿಕೊಳ್ಳುತ್ತಿದ್ದಾಳೋ, ಅಥವಾ ತನ್ನ ಹಾಗೆ, ಯಾರಿಗೂ ಹೇಳಲಾಗದೆ, ಕೆಲಸ ಮುಗಿಸುತ್ತಿದ್ದಾಳೋ?