ಹತ್ತೊಂಬತ್ತನೆಯ ಕಾರಿಗಾಗಿ ಕಾಯುವ ಎರಿದಾನಿಯಾ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ಹಾನಿಕೊ ಬೆಟ್ಟದ ರಸ್ತೆ ಸಾಂತಿಯಾಗೊ ಪಟ್ಟಣಕ್ಕೆ ಬಂದು ಸೇರುವ ಮೂಲೆಯಲ್ಲಿ, ಇನ್ನೂ ಬಾಗಿಲು ತೆರೆಯದ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ಎರಿದಾನಿಯಾ ಪೊಲಾಂಕೊ ನಿಂತಿದ್ದಾರೆ. ಕೈಯಲ್ಲಿ ಪುಟ್ಟ ಲೋಟದ ಕಾಫಿ, ಹೆಗಲಲ್ಲಿ ಬಟ್ಟೆಯ ಚೀಲ. ಚೀಲದೊಳಗೆ ಇಕ್ಕಳ, ತಂತಿಸುರುಳಿ, ಟಾರ್ಚು. ಆರಾರು ಜನರನ್ನು ಒತ್ತಿ ತುಂಬಿಕೊಂಡ ಬಾಡಿಗೆ ಕಾರುಗಳು ಒಂದೊಂದಾಗಿ ಇಳಿದು ಬಂದು, ಮೂಲೆಯ ಸಿಗ್ನಲ್ಲಿಗೆ ನಿಧಾನವಾಗುತ್ತವೆ. ಬೇರೆಯವರು ಕಾರಿನ ಮುಖ ನೋಡಿ ಕೈ ಎತ್ತಿದರೆ, ಇವರು ಅದು ದಾಟಿಹೋಗುವವರೆಗೆ ಸುಮ್ಮನಿದ್ದು ಆಮೇಲೆ ಬಗ್ಗಿ ಬೆನ್ನು ನೋಡುತ್ತಾರೆ. ಹೀಗೆ ನಿಲ್ಲುತ್ತಿರುವುದು ಇದು ಹನ್ನೊಂದನೆಯ ಬೆಳಗು.

ಈ ಮೂಲೆಯ ಚಾಲಕರಿಗೆ ಈಗ ಅವರ ಗುರುತು ಸಿಕ್ಕಿದೆ. ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ, ಹಿರಿಯ ಹೆಂಗಸರಿಗೆ ಗೌರವದಿಂದ ಹೇಳುವ 'ದೋನ್ಯಾ' ಸೇರಿಸಿಯೇ ಕೇಳುತ್ತಾನೆ: "ಏನ್ ದೋನ್ಯಾ, ದಿನಾ ನಮ್ಮ ಹಿಂಭಾಗನೇ ನೋಡ್ತೀರಲ್ಲ?"

"ನಿನ್ನ ಮುಖಕ್ಕಿಂತ ಅದೇ ವಾಸಿ ಕಣಪ್ಪ," ಎನ್ನುತ್ತಾರೆ ಎರಿದಾನಿಯಾ. ಕಾರಿನೊಳಗಿನ ಆರೂ ಜನ ನಗುತ್ತಾರೆ. ಎರಿದಾನಿಯಾರ ಕಣ್ಣು ಆಗಲೇ ಮುಂದಿನ ಕಾರಿನ ಕಡೆ ತಿರುಗಿದೆ.

ಅವರು ಹುಡುಕುತ್ತಿರುವುದು ಹಿಂದಿನ ಬಂಪರಿನ ಎರಡು ತುದಿಗಳಲ್ಲಿರುವ ಕೆಂಪು ಪಟ್ಟಿಗಳನ್ನು. ಬೇರೆ ಗಾಡಿಯ ಬೆಳಕು ಬಿದ್ದಾಗ ಮಿನುಗುವ ಆ ರಿಫ್ಲೆಕ್ಟರುಗಳನ್ನು ನಮ್ಮಲ್ಲಿ ಎಷ್ಟು ಜನ ಗಮನಿಸಿ ನೋಡಿದ್ದೇವೆ? ಎರಿದಾನಿಯಾ ಆ ಪಟ್ಟಿಗಳ ಒಳಗೆ ಎಲ್ಇಡಿ ದೀಪ ಕೂರಿಸುತ್ತಾರೆ. ಯಾವಾಗ, ಯಾವ ಕಡೆಯಿಂದ, ಎಷ್ಟು ಮೆಲ್ಲಗೆ ಹೊತ್ತಬೇಕೆಂಬುದನ್ನು ಪ್ರೋಗ್ರಾಂ ಬರೆದು ಕಲಿಸುತ್ತಾರೆ. ಹೀಗೆ ಬರೆದದ್ದರಲ್ಲಿ ಒಂದು ಸಾಲು ತಪ್ಪಾಗಿದೆ. ಆ ತಪ್ಪನ್ನು ಹೊತ್ತ ಹತ್ತೊಂಬತ್ತು ಕಾರುಗಳಲ್ಲಿ ಹದಿನೆಂಟನ್ನು ಸರಿಪಡಿಸಿದ್ದಾಗಿದೆ. ಒಂದು ಇನ್ನೂ ರಸ್ತೆಯ ಮೇಲಿದೆ.

ಐವತ್ತೆರಡು ವರ್ಷದ ಎರಿದಾನಿಯಾ ಹದಿನೇಳು ವರ್ಷ ಪಟ್ಟಣದಾಚೆಯ ಕಾರ್ಖಾನೆಯೊಂದರಲ್ಲಿ ಬೆಸುಗೆ ಹಾಕುತ್ತಿದ್ದವರು. ಹೊರದೇಶಕ್ಕೆ ಹೋಗುವ ಯಾವುದೋ ಯಂತ್ರದ ಯಾವುದೋ ತುಂಡು. ಅದು ಕೊನೆಗೆ ಏನಾಗುತ್ತದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಕಾರ್ಖಾನೆ ಮುಚ್ಚಿದ ವಾರ ಮಗಳು ಯುದೆಲ್ಕಾಳ ಶಾಲೆಯಲ್ಲಿ ಕಂಪ್ಯೂಟರ್ ಪಾಠ ಶುರುವಾಗಿತ್ತು. ಮಗಳಿಗೆ ಅದು ಹತ್ತಲಿಲ್ಲ. ತಾಯಿ ಅನ್ನಕ್ಕಿಟ್ಟು, ಒಲೆಯ ಪಕ್ಕದಲ್ಲೇ ಆ ಪಾಠದ ಪುಸ್ತಕ ಓದಿದರು. ಮಗಳು ಈಗ ದಾದಿ. ಪುಸ್ತಕ ಇವತ್ತಿಗೂ ಅಡುಗೆಮನೆಯ ಕಪಾಟಿನಲ್ಲಿ, ಎಣ್ಣೆ ಬಾಟಲಿಯ ಪಕ್ಕದಲ್ಲಿದೆ. ಹಾಳೆಗಳ ಅಂಚಿಗೆ ಬೆಳ್ಳುಳ್ಳಿಯ ವಾಸನೆ.

ಅವರ ಕಾರ್ಯಾಗಾರವೆಂದರೆ ಮನೆ ಮುಂದಿನ ಕಾರು ನಿಲ್ಲಿಸುವ ಜಾಗ. ಅರ್ಧ ಕೆಲಸ ಅಡುಗೆಮನೆಯಲ್ಲೇ ನಡೆಯುತ್ತದೆ. ಬಿಚ್ಚಿದ ರಿಫ್ಲೆಕ್ಟರುಗಳನ್ನು ತಟ್ಟೆಯ ಮೇಲಿಟ್ಟು ಓವನ್ನಿನ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡುತ್ತಾರೆ. ಅಂಟು ಮೆತ್ತಗಾದಾಗ ಬೆಣ್ಣೆ ಸವರುವ ಮೊಂಡ ಚಾಕುವಿನಿಂದ ಅಂಚು ಬಿಡಿಸುತ್ತಾರೆ. ಅವಸರ ಮಾಡಿದರೆ ಪ್ಲಾಸ್ಟಿಕ್ ಮುಖ ಸೊಟ್ಟ ಮಾಡುತ್ತದೆ. "ಮಲಗಿರೋ ಮಗುವಿನ ಅಂಗಿ ಬಿಚ್ಚೋ ಹಾಗೆ ಬಿಚ್ಬೇಕು," ಎನ್ನುತ್ತಾರೆ.

ಒಂದು ಪಟ್ಟಿಗೆ ಇಪ್ಪತ್ತನಾಲ್ಕು ದೀಪ, ಒಂದು ದೀಪಕ್ಕೆ ಮೂರು ಬೆಸುಗೆ. ಎರಡು ಕಡೆ ಸೇರಿ ನೂರ ನಲವತ್ತನಾಲ್ಕು. ಕರೆಂಟು ಇದ್ದಷ್ಟು ಹೊತ್ತು ಬೆಸುಗೆ. ಹೋದರೆ ಬೀನ್ಸ್ ಕಾಳು ಆರಿಸುತ್ತಾ ಕೂರುತ್ತಾರೆ, ಇಡೀ ಬೀದಿ "ಬಂತು" ಎಂದು ಕೂಗಿದಾಗ ಎದ್ದು ಮತ್ತೆ ಬೆಸುಗೆ. ವಾರಕ್ಕೆ ಎರಡು ಕಾರು, ಹೆಚ್ಚೆಂದರೆ ಮೂರು. ಪೇಟೆಯಲ್ಲಿ ಇದೇ ಕೆಲಸ ಮಾಡುವವರು ಬೆಳಕು ಜೋರಾಗಿ ಕಾಣಲೆಂದು ಕೆಂಪು ಪ್ಲಾಸ್ಟಿಕ್ಕಿನ ಒಳಮೈಯನ್ನು ಕೆರೆದುಬಿಡುತ್ತಾರೆ. ಎರಿದಾನಿಯಾ ಕೆರೆಯುವುದಿಲ್ಲ. ನಡುಭಾಗವನ್ನು ಹಾಗೇ ಬಿಟ್ಟು, ಅಂಚಿನ ಉದ್ದಕ್ಕೆ ದೀಪ ಕೂರಿಸುತ್ತಾರೆ. ಬ್ಯಾಟರಿ ಸತ್ತು ಗಾಡಿ ಕತ್ತಲಲ್ಲಿ ನಿಂತರೂ ಹಿಂದಿನವರಿಗೆ ಎರಡು ಕಣ್ಣು ಕಾಣಬೇಕೆಂಬುದು ಅವರ ಹಟ. ಮುಚ್ಚುವ ಮುಂಚೆ ಕೆಳಮೂಲೆಯಲ್ಲಿ ನೀರು ಇಳಿಯಲೆಂದು ಅಕ್ಕಿಕಾಳಿನಷ್ಟು ತೂತು ಕೊರೆಯುತ್ತಾರೆ. ಬೇರೆ ಯಾರೂ ಹಾಗೆ ಕೊರೆಯುವುದಿಲ್ಲ. ಔಷಧಿ ಅಂಗಡಿಯ ಮೆಟ್ಟಿಲಿನಿಂದ ಅವರು ಬಗ್ಗಿ ಹುಡುಕುತ್ತಿರುವುದು ಆ ತೂತನ್ನೇ.

ತಪ್ಪು ಶುರುವಾದದ್ದು ಪ್ರೀತಿಯಿಂದ. ಹಿಂದಿನ ಬೀದಿಯ ಅಮೌರಿಸ್ ಬಾಡಿಗೆ ಕಾರು ಓಡಿಸುತ್ತಾನೆ. ಅವನ ತಾಯಿ ದೋನ್ಯಾ ತೊಮಾಸಿನಾಗೆ ಎಂಬತ್ತಾರು. ಕಿವಿ ಪೂರ್ತಿ ಹೋಗಿದೆ, ಮಹಡಿ ಇಳಿಯಲಾರರು. ನಮ್ಮಲ್ಲಿ ಮನೆ ಬಿಡುವಾಗ "ಆಶೀರ್ವಾದ, ಅಮ್ಮ" ಎಂದು ಕೇಳದೆ ಯಾವ ಮಗನೂ ಹೊಸಿಲು ದಾಟುವುದಿಲ್ಲ. "ದೇವರು ಒಳ್ಳೇದು ಮಾಡ್ಲಿ" ಎಂಬ ಉತ್ತರ ಕಿವಿಗೆ ಬೀಳದೆ ದಿನ ಶುರುವಾಗುವುದಿಲ್ಲ. ಅಮೌರಿಸ್ ಕೆಳಗಿನಿಂದ ಕೂಗಿದರೆ ತಾಯಿಗೆ ಕೇಳಿಸದು. ಮಗ ಕೇಳದೇ ಹೋದನೆಂದು ಅವರು ಒಳಗೊಳಗೇ ನೊಂದುಕೊಳ್ಳುತ್ತಿದ್ದರು.

ಎರಿದಾನಿಯಾ ಆ ಕೇಳಿಕೆಯನ್ನು ಬೆಳಕಿನಲ್ಲಿ ಬರೆದರು. ಕಾರು ಎಚ್ಚರವಾದಾಗ ಹಿಂದಿನ ಎರಡೂ ಪಟ್ಟಿಗಳಲ್ಲಿ ಕೆಂಪು ಬೆಳಕು ಒಳಗಿನಿಂದ ಹೊರಕ್ಕೆ ಮೆಲ್ಲಗೆ ಸಾಗಿ, ಒಂದು ಕ್ಷಣ ನಿಂತು, ಮತ್ತೆ ಒಳಗೆ ಬರುತ್ತದೆ. ಎರಡು ಕೈ ಬಿಚ್ಚಿ ಜೋಡಿಸಿದ ಹಾಗೆ. ನಾಲ್ಕು ಸೆಕೆಂಡು. ಮೊದಲ ಬೆಳಗು ಅದನ್ನು ನೋಡಿದ ತೊಮಾಸಿನಾ ಬಾಲ್ಕನಿಯಿಂದ ಗಾಳಿಯಲ್ಲಿ ಶಿಲುಬೆ ಬರೆದರಂತೆ. ಇಡೀ ಬೀದಿ ಕೆಳಗೆ ನಿಂತು ನೋಡಿತ್ತು. ಆಮೇಲೆ ಒಬ್ಬೊಬ್ಬರಾಗಿ ಹದಿನೆಂಟು ಚಾಲಕರು ಬಂದು ತಮಗೂ ಅದೇ ಬೇಕೆಂದರು.

ಐದು ತಿಂಗಳ ನಂತರ ಸೇತುವೆಯ ಇಳಿಜಾರಿನ ಬುಡದಲ್ಲಿ ಉಬೆನ್ಸಿಯೊ ಬಿದ್ದ. ಬಾಡಿಗೆಗೆ ಬೈಕು ಓಡಿಸುವ ಅವನು ಅಮೌರಿಸನ ಕಾರಿನ ಹಿಂದೆ, ಬಲಮೂಲೆಗೆ ಹತ್ತಿರ ಬರುತ್ತಿದ್ದ. ಕಾಲು ಎರಡು ಕಡೆ ಮುರಿಯಿತು. ಈಗ ಕೋಲೂರಿ ಓಡಾಡುತ್ತಾನೆ. ಯಾರ ಮೇಲೂ ಸಿಟ್ಟಿಲ್ಲದೆ ಹೇಳುತ್ತಾನೆ: "ಬೆಳಕು ಬಲಕ್ಕೆ ಓಡ್ತು. ಬಲಕ್ಕೆ ತಿರುಗ್ತಾನೆ ಅಂದ್ಕೊಂಡು ನಾನು ಎಡಕ್ಕೆ ಎಳ್ದೆ. ಅವನು ಎಲ್ಲೂ ತಿರುಗ್ಲಿಲ್ಲ. ಬ್ರೇಕ್ ಹಾಕಿ ನಿಂತುಬಿಟ್ಟಿದ್ದ."

ಕಾರಣ ಹುಡುಕಲು ಎರಿದಾನಿಯಾಗೆ ಮೂರು ದಿನ ಬೇಕಾಯಿತು. ಇಳಿಜಾರು ಬಂದರೆ ನಮ್ಮ ಚಾಲಕರು ಗ್ಯಾಸ್ ಉಳಿಸಲು ಇಂಜಿನ್ ಆರಿಸಿ ಜಾರಿಕೊಂಡು ಹೋಗುತ್ತಾರೆ, ಬುಡದಲ್ಲಿ ಮತ್ತೆ ಕೀಲಿ ತಿರುಗಿಸುತ್ತಾರೆ. ಬ್ಯಾಟರಿಗಳೋ ಅಜ್ಜನ ಕಾಲದವು. ಕೀಲಿ ತಿರುಗಿಸಿದ ಕ್ಷಣ ಅವು ಕುಗ್ಗುತ್ತವೆ, ದೀಪ ನಡೆಸುವ ಪುಟ್ಟ ಚಿಪ್ ಒಮ್ಮೆ ಸತ್ತು ಹುಟ್ಟುತ್ತದೆ. ಹುಟ್ಟಿದ ಕೂಡಲೇ ಅದು ತನಗೆ ಕಲಿಸಿದ್ದನ್ನು ಮಾಡುತ್ತದೆ: ಆಶೀರ್ವಾದ ಕೇಳುತ್ತದೆ. ನಡುರಸ್ತೆಯಲ್ಲಿ, ನಾಲ್ಕು ಸೆಕೆಂಡು. ಮೇಲಿನ ಬ್ರೇಕ್ ದೀಪ ಹೊತ್ತಿದ್ದರೂ ಮನುಷ್ಯನ ಕಣ್ಣು ಓಡುವುದನ್ನೇ ಹಿಡಿಯುತ್ತದೆ.

"ಹುಟ್ಟಿದ ತಕ್ಷಣ ಕೈ ಮುಗಿ ಅಂತ ಬರ್ದಿದ್ದು ನಾನೇ," ಎನ್ನುತ್ತಾರೆ ಎರಿದಾನಿಯಾ. "ಮೇಜಿನ ಮೇಲೆ ಹೊಸ ಬ್ಯಾಟರಿ ಇಟ್ಕೊಂಡು ಪರೀಕ್ಷೆ ಮಾಡ್ದೆ. ಈ ಊರಲ್ಲಿ ಹೊಸ ಬ್ಯಾಟರಿ ಯಾರ ಹತ್ರ ಇದೆ? ಹೊರಗಿನವರು ಮರೆತ್ರೆ ಸರಿ. ನಾನು ಇಲ್ಲೇ ಹುಟ್ಟಿದವಳು."

ತಪ್ಪು ಅವರದೆಂದು ಯಾರೂ ಹೇಳಲಿಲ್ಲ. ಬೈಕು ತೀರಾ ಹತ್ತಿರವಿತ್ತೆಂದು ಕೆಲವರು, ಇಂಜಿನ್ ಆರಿಸಿದ್ದು ಅಮೌರಿಸನ ತಪ್ಪೆಂದು ಕೆಲವರು. ಅವರು ಎಲ್ಲ ಕೇಳಿಸಿಕೊಂಡರು. ಒಂದು ಪಾತ್ರೆ ಸಾರು ಮಾಡಿ ಉಬೆನ್ಸಿಯೊನ ಮನೆಗೆ ಹೋಗಿ, ಮಂಚದ ಪಕ್ಕ ಕೂತು, ಏನಾಯಿತೆಂದು ಬಿಡಿಸಿ ಹೇಳಿದರು. ಮರುದಿನದಿಂದ ಕಾರುಗಳನ್ನು ವಾಪಸು ಕರೆಸಿದರು. ಈಗಿನ ಪ್ರೋಗ್ರಾಮಿನಲ್ಲಿ ಹ್ಯಾಂಡ್ ಬ್ರೇಕ್ ಎಳೆದು ಗಾಡಿ ನಿಂತಿದ್ದರೆ ಮಾತ್ರ ಬೆಳಕು ಕೈ ಬಿಚ್ಚುತ್ತದೆ. ಚಕ್ರ ಉರುಳುವಾಗ ಅದಕ್ಕೆ ಗೊತ್ತಿರುವುದು ಒಂದೇ ಮಾತು: ನಿಲ್ಲುತ್ತಿದ್ದೇನೆ. ಐದು ವಾರದಲ್ಲಿ ಹದಿನೆಂಟು ಕಾರು ಮುಗಿದವು.

ಹತ್ತೊಂಬತ್ತನೆಯದು ಹಸಿರು ಕೊರೊಲ್ಲಾ. ಒಡೆಯ ಅದನ್ನು ಭಾನುವಾರದ ಸಂತೆಯಲ್ಲಿ ಮಾರಿ ಸಮುದ್ರದ ಕಡೆ ಅಕ್ಕನ ಮನೆ ಸೇರಿದ್ದ. ಕೊಂಡವರ ಹೆಸರು ಅವನಿಗೆ ನೆನಪಿಲ್ಲ. ಬೆಟ್ಟದ ಕಡೆಯವರು, ಟೋಪಿ ಹಾಕಿದ್ದರು ಎಂದಷ್ಟೇ ಫೋನಿನಲ್ಲಿ ಹೇಳಿದ. ಬೆಟ್ಟದ ಕಡೆ ಎಂದರೆ ಇಳಿಜಾರಲ್ಲದೆ ಬೇರೇನಿದೆ? ಅಂದಿನಿಂದ ಎರಿದಾನಿಯಾಗೆ ನಿದ್ದೆಯಿಲ್ಲ. ಪ್ರತಿ ತಿರುವಿನಲ್ಲಿ ಆ ಕಾರು ಆರಿ, ಹೊತ್ತಿ, ಹಿಂದಿನವರಿಗೆ ಸುಳ್ಳು ದಾರಿ ತೋರಿಸುತ್ತಿರುವುದು ಅವರ ಕಣ್ಣೆದುರು ಬರುತ್ತದೆ.

ಆರೂಕಾಲಿಗೆ ಬಿಳಿ ಬಣ್ಣ ಬಳಿದ ಹಳೆಯ ಕೊರೊಲ್ಲಾ ಒಂದು ದಾಟುತ್ತದೆ. ಅವರು ಹುಡುಕುತ್ತಿರುವುದು ಹಸಿರು ಕಾರು. ಆದರೂ ಬಗ್ಗುತ್ತಾರೆ. ಎಡಪಟ್ಟಿಯ ಕೆಳಮೂಲೆಯಲ್ಲಿ ಅಕ್ಕಿಕಾಳಿನಷ್ಟು ತೂತು. ಕಾಫಿ ಲೋಟ ಮೆಟ್ಟಿಲ ಮೇಲೆ ಉಳಿಯುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಕಾರಿನ ಚಾವಣಿಯನ್ನು ಅಂಗೈಯಿಂದ ಬಡಿಯುತ್ತಾ ಅವರು ಕಿಟಕಿಗೆ ಬರುತ್ತಾರೆ.

ಚಾಲಕ ದೊನ್ ಸಿಪ್ರಿಯಾನ್, ಅರವತ್ತು ದಾಟಿದವರು, ಹುಲ್ಲಿನ ಟೋಪಿ. ವಿಷಯ ಕೇಳಿ ಅವರಿಗೆ ಅಚ್ಚರಿ. "ಕೊಂಡಾಗಿಂದ ಗಾಡಿಗೆ ಈ ಚಾಳಿ ಇದೆ ಅಂತ ಹೆಂಡ್ತಿ ಹೇಳ್ತಾಳೆ. ಬೆಟ್ಟ ಇಳಿಯೋವಾಗ ಹಿಂದಿನವರು ಹಾರನ್ ಹೊಡೀತಾರೆ. ನಂಗೇನೋ ಮರ್ಯಾದೆ ಕೊಡ್ತಿದಾರೆ ಅಂದ್ಕೊಂಡಿದ್ದೆ."

ಒಳಗಿನ ಆರು ಜನರಿಗೆ ಕೆಲಸಕ್ಕೆ ಹೊತ್ತಾಗಿದೆ. ಹುಟ್ಟುಹಬ್ಬದ ಕೇಕು ಮಡಿಲಲ್ಲಿಟ್ಟುಕೊಂಡ ಹೆಂಗಸು, ಕೆನೆ ಕರಗಿದರೆ ಯಾರು ಹೊಣೆ ಎಂದು ಕೇಳುತ್ತಾಳೆ. ನಾಳೆ ಬರುತ್ತೇನೆ ಎನ್ನುತ್ತಾರೆ ಸಿಪ್ರಿಯಾನ್.

"ನಾಳೆ ಬರೋಕೆ ಇನ್ನೊಂದ್ಸಲ ಆ ಬೆಟ್ಟ ಇಳೀಬೇಕಲ್ಲ, ದೊನ್. ಎರಡೇ ನಿಮಿಷ ಕೊಡಿ."

ಕಾರು ಪಕ್ಕಕ್ಕೆ ನಿಲ್ಲುತ್ತದೆ. ಎರಿದಾನಿಯಾ ಚೀಲವನ್ನು ತಲೆಗಿಟ್ಟುಕೊಂಡು ಡಾಂಬರಿನ ಮೇಲೆ ಅಂಗಾತ ಮಲಗಿ ಬಂಪರಿನಡಿ ಕೈ ತೂರಿಸುತ್ತಾರೆ. ಟಾರ್ಚು ಬಾಯಲ್ಲಿದೆ. ಕೇಕಿನ ಹೆಂಗಸು ಗೊಣಗುತ್ತಲೇ ಇಳಿದು ಬಂದು, ಒಂದು ಕೈಯಲ್ಲಿ ಕೇಕು ಹಿಡಿದು ಇನ್ನೊಂದರಿಂದ ಅವರ ಲಂಗವನ್ನು ಮೊಣಕಾಲಿನ ಕೆಳಗೆ ಸರಿಪಡಿಸುತ್ತಾಳೆ. ಒಂದು ತಂತಿ ಕಳಚಿಕೊಳ್ಳುತ್ತದೆ. ಪಟ್ಟಿಗಳು ಈಗ ಬರೀ ರಿಫ್ಲೆಕ್ಟರುಗಳು. ಎರಿದಾನಿಯಾ ಎದ್ದವರು ಕಾರಿನ ಡಿಕ್ಕಿಗೆ ಒರಗಿ, ತಮ್ಮ ಮನೆಯ ವಿಳಾಸ ಬರೆದುಕೊಡುತ್ತಾರೆ.

ಪ್ರಯಾಣಿಕರನ್ನು ಇಳಿಸಿ, ಒಂಬತ್ತಕ್ಕೆ ಸಿಪ್ರಿಯಾನ್ ವಿಳಾಸ ಹುಡುಕಿಕೊಂಡು ಬರುತ್ತಾರೆ. ಬೇಯಿಸಿ ಕಿವುಚಿದ ಬಾಳೆಕಾಯಿ, ಹುರಿದ ಚೀಸು ಅವರ ಮುಂದೆ ಬರುತ್ತದೆ. ಮೊದಲ ತುತ್ತಿಗೇ ಅವರು ಅಳುಕುತ್ತಾ ಕೇಳುತ್ತಾರೆ: "ದೀಪ ತೆಗ್ದುಬಿಡ್ತೀರಾ? ಬೆಳಿಗ್ಗೆ ಮನೆ ಬಿಡೋವಾಗ ಅದು ಹಾಗೆ ಮಾಡೋದನ್ನ ನೋಡೋಕೆ ಅಂತ್ಲೇ ಹೆಂಡ್ತಿ ಬಾಗಿಲಿಗೆ ಬರ್ತಾಳೆ. ಮುಂಚೆ ಬರ್ತಿರ್ಲಿಲ್ಲ."

ತೆಗೆಯುವುದಿಲ್ಲ, ಬಾಗಿಲಲ್ಲಿ ಮಾತ್ರ ಮಾಡುವ ಹಾಗೆ ಕಲಿಸುತ್ತೇನೆ ಎಂದಾಗ ಅವರು ನೆಮ್ಮದಿಯಿಂದ ತಟ್ಟೆ ಖಾಲಿ ಮಾಡುತ್ತಾರೆ.

ಕೆಲಸಕ್ಕೆ ಒಂದೂವರೆ ಗಂಟೆ. ಆಮೇಲೆ ಪರೀಕ್ಷೆ. ಈಗ ಹೊಸ ಬ್ಯಾಟರಿ ಇಲ್ಲ. ಕಾರಿನ ಮುದಿ ಬ್ಯಾಟರಿಯಲ್ಲೇ ಇಪ್ಪತ್ತು ಸಲ ಕೀಲಿ ತಿರುಗಿಸಲು ಹೇಳುತ್ತಾರೆ. ಇಂಜಿನ್ ಕೆಮ್ಮುತ್ತದೆ, ಕುಗ್ಗುತ್ತದೆ, ಏಳುತ್ತದೆ. ಹಿಂದೆ ಮೊಣಕಾಲೂರಿ ಕೂತ ಎರಿದಾನಿಯಾ ಪ್ರತಿ ಸಲವೂ ಬೆರಳು ಮಡಿಸುತ್ತಾರೆ. ಪಟ್ಟಿಗಳು ಒಮ್ಮೆಯೂ ಮಾತಾಡುವುದಿಲ್ಲ. ಹ್ಯಾಂಡ್ ಬ್ರೇಕ್ ಎಳೆದಾಗ ಮಾತ್ರ ಬೆಳಕು ಮೆಲ್ಲಗೆ ಕೈ ಬಿಚ್ಚಿ, ಜೋಡಿಸುತ್ತದೆ.

ಇಷ್ಟಕ್ಕೂ ನಿಮಗೇನು ಬೇಕು ಎಂದು ಎರಿದಾನಿಯಾರನ್ನು ಕೇಳಿದರೆ ಅವರು ಅಡುಗೆಮನೆಯ ಕಡೆ ತೋರಿಸುತ್ತಾರೆ. ಓವನ್ನಿಗೆ ಹೊಸ ಬಾಗಿಲು ಬೇಕಂತೆ, ಈಗಿನದು ಸರಿಯಾಗಿ ಮುಚ್ಚುವುದಿಲ್ಲ. ಇವತ್ತು ರಾತ್ರಿ ಒಂಬತ್ತಕ್ಕೇ ಮಲಗಬೇಕಂತೆ. ಗೇಟಿನಲ್ಲಿ ಸಿಪ್ರಿಯಾನ್ ಟೋಪಿ ತೆಗೆಯುತ್ತಾರೆ. ತಮಗಿಂತ ಚಿಕ್ಕವರಾದ ಎರಿದಾನಿಯಾ ಮುಂದೆ ತಲೆ ಬಾಗಿಸಿ "ಆಶೀರ್ವಾದ, ದೋನ್ಯಾ" ಎನ್ನುತ್ತಾರೆ. ಅರ್ಧ ತಮಾಷೆ, ಅರ್ಧ ನಿಜ.

"ದೇವರು ಒಳ್ಳೇದು ಮಾಡ್ಲಿ. ಇಂಜಿನ್ ಆರಿಸ್ಬೇಡಿ."

ಕಾರು ಬೀದಿಯ ಇಳಿಜಾರಿಗೆ ಜಾರುತ್ತದೆ. ಅರ್ಧ ದಾರಿಯಲ್ಲಿ ಸದ್ದು ನಿಲ್ಲುತ್ತದೆ, ಆರಿಸಿಯೇಬಿಟ್ಟಿದ್ದಾರೆ. ಎರಿದಾನಿಯಾ ಗೇಟು ದಾಟಿ ಬೀದಿಗೆ ಬಂದು ನೋಡುತ್ತಾರೆ. ಬುಡದಲ್ಲಿ ಬ್ರೇಕ್ ಬೀಳುತ್ತದೆ, ಕೀಲಿ ತಿರುಗುತ್ತದೆ, ಇಂಜಿನ್ ಕೆಮ್ಮುತ್ತದೆ. ಹಿಂದಿನ ಎರಡು ಪಟ್ಟಿಗಳು ಅಲುಗದೆ, ಓಡದೆ, ಒಟ್ಟಿಗೆ ಕೆಂಪಗೆ ಹೊತ್ತುತ್ತವೆ. ಹಿಂದೆ ಬರುತ್ತಿದ್ದ ಬೈಕು ದೂರದಲ್ಲೇ ವೇಗ ಇಳಿಸಿ ನಿಲ್ಲುತ್ತದೆ.

"ಕಾರಲ್ಲಿ ಕೂತೋರಿಗೆ ನನ್ನ ಕೆಲಸ ಕಾಣಲ್ಲ," ಎನ್ನುತ್ತಾರೆ ಎರಿದಾನಿಯಾ, ಕೈ ಒರೆಸಿಕೊಳ್ಳುತ್ತಾ. "ಹಿಂದೆ ಬರೋರಿಗೆ ಕಾಣುತ್ತೆ. ಅವರು ಮನೆ ಸೇರಿದ್ರೆ ಸಾಕು."