ನಿದ್ದೆಗಾಗಿ ತರಿಸಿಕೊಂಡ ಮಗ್ಗದ ಸದ್ದು

ಶೇಂಗಾ ಕುಟ್ಟಿದ್ದಕ್ಕೆ ಈ ದೇಶದಲ್ಲಿ ನನ್ನ ಮೇಲೆ ಮೊದಲ ದೂರು ಬಂತು. ಜರ್ಮನಿಗೆ ಬಂದು ಇನ್ನೂ ವಾರವಾಗಿರಲಿಲ್ಲ. ರವಿವಾರ ಮಧ್ಯಾಹ್ನ, ಸೀರೆಗಳ ನಡುವೆ ಸುತ್ತಿ ತಂದಿದ್ದ ಚಿಕ್ಕ ಒರಳುಕಲ್ಲಿನಲ್ಲಿ ಹುರಿದ ಶೇಂಗಾ, ಬಳ್ಳೊಳ್ಳಿ, ಕೆಂಪು ಖಾರ ಹಾಕಿ ಕುಟ್ಟುತ್ತಿದ್ದೆ. ಯಾರೋ ಬಾಗಿಲು ತಟ್ಟಿದರು. ನೋಡಿದರೆ ಕೆಳಗಿನ ಮನೆಯ ಮುದುಕ. ಇಸ್ತ್ರಿ ಮಾಡಿದ ಅಂಗಿ, ಕಾಲಲ್ಲಿ ಉಣ್ಣೆಯ ಚಪ್ಪಲಿ. ಮುಖದಲ್ಲಿ ಸಿಟ್ಟಿಲ್ಲ, ನಗೆಯೂ ಇಲ್ಲ. ನನ್ನ ಗೋಡೆಯ ಗಡಿಯಾರದ ಕಡೆ ಬೆರಳು ತೋರಿಸಿ 'ರೂಹೆತ್ಸೈಟ್' ಎಂದು ಹೇಳಿ ಇಳಿದು ಹೋದ. ಹಾಗೆಂದರೆ ಸದ್ದು ಮಾಡಬಾರದ ಹೊತ್ತು. ದಿನಾ ರಾತ್ರಿ ಇರುತ್ತದೆ, ರವಿವಾರ ಇಡೀ ದಿನ ಇರುತ್ತದೆ. ಮೊಳೆ ಹೊಡೆಯುವಂತಿಲ್ಲ, ಮಿಕ್ಸರ್ ತಿರುಗಿಸುವಂತಿಲ್ಲ. ಅರ್ಧ ಕುಟ್ಟಿದ ಚಟ್ನಿಯನ್ನೇ ಬ್ರೆಡ್ಡಿಗೆ ಹಚ್ಚಿಕೊಂಡು ತಿಂದೆ. ಊಟಕ್ಕೂ ಮುಹೂರ್ತ ಕೇಳುವ ಊರಿಗೆ ಬಂದೆನಲ್ಲಾ ಎಂದು ನನ್ನ ಹಣೆಬರಹಕ್ಕೇ ಬೈದುಕೊಂಡೆ.

ನಾನು ಹುಟ್ಟಿದ್ದು ಇಳಕಲ್ಲಿನ ನೇಕಾರ ಓಣಿಯಲ್ಲಿ. ನಮ್ಮ ಪಡಸಾಲೆಯಲ್ಲೇ ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವ್ವ ಕೂತಳೆಂದರೆ ಲಾಳಿ ಆ ಕಡೆ ಈ ಕಡೆ ಓಡುವ ಸದ್ದು, ನೂಲನ್ನು ಒತ್ತುವ ಹಣಿಗೆ ಬಡಿಯುವ ಸದ್ದು. ನಾನು ಸಾಲಿಗೆ ಸೇರುವ ಮೊದಲೇ ಅಪ್ಪ ತೀರಿಹೋಗಿದ್ದ. ಆ ಮಗ್ಗವೇ ಅಣ್ಣನನ್ನೂ ನನ್ನನ್ನೂ ಸಾಕಿತು. ನಾನು ಬಾಗಲಕೋಟೆಯ ನವನಗರದಲ್ಲಿ ನರ್ಸಿಂಗ್ ಕಲಿತು, ಹುನಗುಂದದ ಒಂದು ದವಾಖಾನೆಯಲ್ಲಿ ರಾತ್ರಿಪಾಳಿ ಮಾಡುತ್ತಿದ್ದೆ. ಬೆಳಿಗ್ಗೆ ಬಸ್ಸಿಗೆ ಮನೆಗೆ ಬಂದು, ಎರಡು ರೊಟ್ಟಿ ತಿಂದು, ಮಗ್ಗದ ಪಕ್ಕದಲ್ಲೇ ಚಾಪೆ ಹಾಸಿ ಬಿದ್ದರೆ ಸಂಜೆಯ ತನಕ ಎಚ್ಚರವಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ನನಗೆ ಚಿಂತೆ ಬೇಕಾದಷ್ಟಿತ್ತು, ಆದರೂ ಆ ಸಂತೆಯಲ್ಲಿ ನಿದ್ದೆ ಬರುತ್ತಿತ್ತು.

ಇಲ್ಲಿ ವೃದ್ಧಾಶ್ರಮದಲ್ಲಿ ಕೆಲಸ. ಇಲ್ಲೂ ರಾತ್ರಿಪಾಳಿಯೇ. ಬೆಳಿಗ್ಗೆ ಕೋಣೆಗೆ ಬಂದು ಕಿಟಕಿ ಹಾಕಿದರೆ ಮುಗಿಯಿತು. ಕಿಟಕಿಗೆ ಎರಡೆರಡು ಗಾಜು. ಹೊರಗಿನ ಜಗತ್ತು ಬಾಯಿ ಆಡಿಸುವುದು ಕಾಣುತ್ತದೆ, ಕೇಳಿಸುವುದಿಲ್ಲ. ನಮ್ಮ ಕಡೆ ಇಷ್ಟು ಮೌನ ಇರುವುದು ಹೆಣ ಎತ್ತಿಕೊಂಡು ಹೋದ ಮೇಲೆ ಆ ಮನೆಯಲ್ಲಿ. ಮಲಗಿದರೆ ನನ್ನ ಕಿವಿಯೊಳಗಿನ ರಕ್ತ ಹರಿಯುವುದು ನನಗೇ ಕೇಳಿಸುತ್ತಿತ್ತು. ದಿನಗಟ್ಟಲೆ ಕಣ್ಣು ಮುಚ್ಚಲಿಲ್ಲ. ಒಂದು ರಾತ್ರಿ ಒಬ್ಬ ಅಜ್ಜಿಯ ಗುಳಿಗೆಯನ್ನು ಪಕ್ಕದ ಅಜ್ಜಿಗೆ ಕೊಡಲು ಹೋಗಿ, ತುಟಿಯ ಹತ್ತಿರ ತಂದಾಗ ನೋಡಿಕೊಂಡೆ. ಪಾಳಿಯ ಮೇಲಧಿಕಾರಿ ನೋಡಿಬಿಟ್ಟಳು. ಮೊದಲು ನಿದ್ದೆ ಮಾಡುವುದನ್ನು ಕಲಿ, ಆಮೇಲೆ ಕೆಲಸದ ಮಾತು ಎಂದಳು.

ಔಷಧ ಹೇಳಿದ್ದು ಲಿಸ್ಸಿ, ನನ್ನ ಜೊತೆ ಕೆಲಸ ಮಾಡುವ ಕೇರಳದ ಹುಡುಗಿ. ಎಎಸ್‌ಎಂಆರ್ ಎಂಬ ವಿಡಿಯೊಗಳಿವೆ, ಕಿವಿಗೆ ಹಾಕಿಕೊಂಡು ಮಲಗು ಎಂದಳು. ಮೈಕಿನ ಮುಂದೆ ಮೆಲ್ಲಗೆ ಪಿಸುಗುಡುವುದು, ಉಗುರಿನಿಂದ ಡಬ್ಬಿ ತಟ್ಟುವುದು, ಬ್ರಶ್ಶಿನಿಂದ ಸವರುವುದು, ಕಾಗದ ಮಡಚುವುದು. ಕೇಳಿದವರಿಗೆ ನೆತ್ತಿಯಿಂದ ಬೆನ್ನಿಗೆ ಜುಮ್ಮೆಂದು ಇಳಿದು ಮೈ ಸಡಿಲವಾಗಿ ನಿದ್ದೆ ಬರುತ್ತದಂತೆ. ಲಕ್ಷಾಂತರ ಜನ ಹೀಗೇ ಮಲಗುತ್ತಾರಂತೆ. ನನಗೆ ನಗು ಬಂತು. ಜೋಗುಳಕ್ಕೂ ಗತಿಯಿಲ್ಲದ ಜನ, ಪಾಪ. ಆದರೂ ಹಾಕಿಕೊಂಡೆ. ಒಬ್ಬ ಚೆಂದದ ಹೆಂಗಸು ನನ್ನ ಕಿವಿಯಲ್ಲಿ, ಇವತ್ತು ನಿನಗೆ ದಣಿವಾಗಿದೆ ಅಲ್ಲವೇ, ನಾನಿದ್ದೇನೆ ಎಂದು ಪಿಸುಗುಟ್ಟಿದಳು. ಎದ್ದು ಕೂತೆ. ನಮ್ಮ ಓಣಿಯಲ್ಲಿ ಗುಸುಗುಸು ಅಂದರೆ ಒಂದೋ ಯಾರದೋ ಮಗಳ ಸುದ್ದಿ ಎದ್ದಿದೆ, ಇಲ್ಲವೇ ಒಳಗೆ ಯಾರೋ ಕೊನೆಯುಸಿರು ಎಳೆಯುತ್ತಿದ್ದಾರೆ. ಕಿವಿಯಲ್ಲಿ ಗುಸುಗುಸು ಇಟ್ಟುಕೊಂಡು ನಾನು ಮಲಗಲು ಸಾಧ್ಯವೇ?

ಆಗ ಅಣ್ಣನಿಗೆ ಫೋನು ಹಚ್ಚಿದೆ. ಅಣ್ಣ ಮಗ್ಗ ಬಿಟ್ಟು ಇಳಕಲ್ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವ್ವ ನೇಯುವ ಸದ್ದನ್ನು ಒಂದು ತಾಸು ರೆಕಾರ್ಡ್ ಮಾಡಿ ಕಳಿಸು ಎಂದೆ. ಮಗಳು ಜರ್ಮನಿಗೆ ಹೋಗಿ ಮಗ್ಗ ಕೇಳುತ್ತಾಳೆ, ಇದನ್ನು ಕೇಳಲು ಇಲ್ಲೇ ಇದ್ದರೆ ಆಗುತ್ತಿರಲಿಲ್ಲವೇ ಎಂದು ಅವ್ವ ಹಿಂದಿನಿಂದ ಅಂದದ್ದು ಕೇಳಿಸಿತು. ಆದರೂ ಮರುದಿನವೇ ವಿಡಿಯೊ ಬಂತು. ಲಾಳಿ, ಹಣಿಗೆ, ಅವ್ವನ ಬಳೆ, ಹೊರಗೆ ಉಳ್ಳಾಗಡ್ಡಿ ಮಾರುವವಳ ಕೂಗು, ನಡುವೆ ಅವ್ವ ಎರಡು ಸಲ ಕೆಮ್ಮಿ ಮತ್ತೆ ಶುರು ಮಾಡಿದ್ದು. ಅಂದು ನಾನು ಸತ್ತವಳಂತೆ ಮಲಗಿದೆ.

ಅಲ್ಲಿಂದ ನನ್ನ ದಿನಗಳು ದಾರಿಗೆ ಬಂದವು. ಕೆಲಸ ಕಾಯಂ ಆಯಿತು. ನಾಲಿಗೆಗೆ ಭಾಷೆ ಹತ್ತಿತು. ಒಂದು ರವಿವಾರ ಕೆಳಗಿನ ಮುದುಕ ಮರೆತು ಡ್ರಿಲ್ಲಿಂಗ್ ಯಂತ್ರ ಹಚ್ಚಿದ. ಧಡಧಡ ಇಳಿದು ಅವನ ಬಾಗಿಲು ತಟ್ಟಿ, ಅವನದೇ ಗಡಿಯಾರಕ್ಕೆ ಬೆರಳು ತೋರಿಸಿ 'ರೂಹೆತ್ಸೈಟ್' ಎಂದೆ. ಕೆಂಪಗಾಗಿ ಕ್ಷಮೆ ಕೇಳಿದ. ಈ ದೇಶದಲ್ಲಿ ನಾನು ಗೆದ್ದದ್ದು ಅಷ್ಟೇ, ಆದರೂ ಅಂದು ಚಪಾತಿ ಮಾಡಿಕೊಂಡು ಉಂಡೆ. ಅತ್ತ ಅಣ್ಣ, ಆಮೇಲೂ ದಿನಾ ತೆಗೆದ ಅಂಥ ವಿಡಿಯೊಗಳಿಗೆ ಯೂಟ್ಯೂಬಿನಲ್ಲಿ ಚಾನೆಲ್ಲೇ ಮಾಡಿಬಿಟ್ಟಿದ್ದ. ಯಾವ ಯಾವ ದೇಶದವರೋ ನಮ್ಮವ್ವನ ಮಗ್ಗಕ್ಕೆ ನಿದ್ದೆ ಹೋಗತೊಡಗಿದರು. ಕೆಳಗೆ ಹೃದಯದ ಚಿತ್ರ ಹಾಕಿ, ಎಷ್ಟು ಶಾಂತಿ, ಎಷ್ಟು ನೆಮ್ಮದಿ ಎಂದು ಬರೆಯುತ್ತಿದ್ದರು. ಕುಣಿಯಲ್ಲಿ ಕೂತು ಮೊಣಕಾಲು ಹಿಡಿದವಳಿಗೆ ಗೊತ್ತು ಅದೆಷ್ಟು ನೆಮ್ಮದಿ ಅಂತ. ಒಬ್ಬ ಮಾತ್ರ, ಸದ್ದು ಚೆನ್ನಾಗಿದೆ, ಕೆಮ್ಮು ತೆಗೆದರೆ ಇನ್ನೂ ಚೆನ್ನ ಎಂದಿದ್ದ. ಓದಿ ಬೈದುಕೊಂಡು ಮರೆತೆ. ಆಮೇಲಿನ ವಿಡಿಯೊಗಳಲ್ಲಿ ಕೆಮ್ಮು ಇರಲಿಲ್ಲ. ನಾನದನ್ನು ಗಮನಿಸಲೂ ಇಲ್ಲ, ಯಾಕೆಂದರೆ ನಿದ್ದೆ ಹೋಗಿರುತ್ತಿದ್ದೆ.

ಫೋನಿನಲ್ಲಿ ಅವ್ವ ಹೆಚ್ಚು ಮಾತಾಡುತ್ತಿರಲಿಲ್ಲ. ಒಮ್ಮೆ ಕೇಳಿದರೆ ಗುಡಿಗೆ ಹೋಗಿದ್ದಾಳೆ, ಇನ್ನೊಮ್ಮೆ ಕೇಳಿದರೆ ಮಲಗಿದ್ದಾಳೆ ಎನ್ನುತ್ತಿದ್ದ ಅಣ್ಣ. ಇರಲಿ, ದಿನಾ ನೇಯುತ್ತಾಳಲ್ಲ, ಗಟ್ಟಿಯಾಗಿದ್ದಾಳೆ ಎಂದುಕೊಳ್ಳುತ್ತಿದ್ದೆ. ಆ ಸದ್ದೇ ನನಗೆ ಅವಳ ಕ್ಷೇಮ ಸಮಾಚಾರವಾಗಿತ್ತು.

ಹಾಗಿರುವಾಗ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನನಗೆಲ್ಲಿ ನೆನಪಿರಬೇಕು, ವೈನಿ, ಅಂದರೆ ಅಣ್ಣನ ಹೆಂಡತಿ, ಮಣೆಯ ಮೇಲೆ ಸಾಲಾಗಿ ಇಟ್ಟ ಮಣ್ಣಿನ ಎತ್ತುಗಳ ಫೋಟೊ ಮೊಬೈಲಿನ ಸ್ಟೇಟಸ್ಸಿಗೆ ಹಾಕಿದ್ದಳು. ಅದನ್ನು ನೋಡಿ ಕಣ್ಣು ತುಂಬಿ ಬಂತು. ಮಲಗೋಣವೆಂದು ಚಾನೆಲ್ ತೆರೆದೆ. ಆಗತಾನೇ ಬಂದ ವಿಡಿಯೊ, ಮೇಲೆ 'ಇವತ್ತಿನ ನೇಯ್ಗೆ' ಎಂದು ಬರೆದಿತ್ತು. ನಮ್ಮ ಓಣಿಯಲ್ಲಿ ಅಮಾವಾಸ್ಯೆಯ ದಿನ ಯಾರೂ ಲಾಳಿ ಮುಟ್ಟುವುದಿಲ್ಲ. ಮಗ್ಗ ಒರೆಸಿ, ವಿಭೂತಿ ಹಚ್ಚಿ, ಊದಿನಕಡ್ಡಿ ಬೆಳಗಿ ಕೈಮುಗಿಯುತ್ತಾರೆ. ಅಪ್ಪ ಸತ್ತ ವರ್ಷ ಮನೆಯಲ್ಲಿ ಜೋಳವಿಲ್ಲದಾಗಲೂ ಅವ್ವ ಅಮಾವಾಸ್ಯೆಗೆ ಮಗ್ಗ ನಡೆಸಿದವಳಲ್ಲ. ಇವತ್ತು ಹೇಗೆ ಕೂತಳು? ಕಿವಿಗೊಟ್ಟು ಕೇಳಿದೆ. ಉಳ್ಳಾಗಡ್ಡಿಯವಳು ಕೂಗಿದಳು. ಸ್ವಲ್ಪ ಹೊತ್ತಿಗೆ ಅದೇ ಧಾಟಿಯಲ್ಲಿ, ಅದೇ ಬಳೆಯ ಸದ್ದಿನ ಹಿಂದೆ, ಮತ್ತೆ ಕೂಗಿದಳು. ಆಮೇಲೆ ಮತ್ತೆ.

ವೈನಿಗೆ ಫೋನು ಮಾಡಿದೆ. ಅವಳು ಕೆರೂರಿನವಳು, ಸುಳ್ಳು ಹೇಳಲು ಬಾರದ ಹೆಂಗಸು.

"ವೈನಿ, ಇವತ್ತ ಅಮಾಸಿ. ಅವ್ವ ಮಗ್ಗಕ್ಕ ಕೂತಾಳೇನು?"

ಫೋನು ಹಿಡಿದುಕೊಂಡು ಹಿತ್ತಲಿಗೆ ಹೋದ ಸದ್ದಾಯಿತು. ಆಮೇಲೆ ಅಂದಳು, "ಅತ್ತಿ ಮಗ್ಗಕ್ಕ ಕೂತು ಭಾಳ ದಿನ ಆತು ಗಂಗಾ. ಉಸಿರ ಹಿಡೀತೈತಿ. ನಿನಗ ಹೇಳಿದ್ರ ನನ್ನ ಹೆಣಾ ನೋಡ್ತೀರಿ ಅಂತ ಆಣಿ ಹಾಕ್ಯಾರ."

ಅಣ್ಣನನ್ನು ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲಕ್ಕೂ ಹೂಂ ಹೂಂ ಎಂದ. ನವನಗರದ ದವಾಖಾನೆಯಲ್ಲಿ ತೋರಿಸಿದ್ದರಂತೆ. ವರ್ಷಗಟ್ಟಲೆ ನೂಲಿನ ಧೂಳು ಕುಡಿದು ಶ್ವಾಸಕೋಶ ಕೆಟ್ಟಿದೆ, ಪೂರ್ತಿ ವಾಸಿಯಾಗುವುದಲ್ಲ ಎಂದರಂತೆ. ಹಳೆಯ ವಿಡಿಯೊಗಳಲ್ಲಿ ಕೆಮ್ಮಿಲ್ಲದ ತುಂಡುಗಳನ್ನು ಹೆಕ್ಕಿ, ಒಂದಕ್ಕೊಂದು ಜೋಡಿಸಿ, ದಿನಾ ತಂತಾನೇ ಚಾನೆಲ್ಲಿಗೆ ಹೋಗುವಂತೆ ಹಚ್ಚಿಟ್ಟಿದ್ದ. ಅಮಾವಾಸ್ಯೆ ಅವನಿಗೆ ನೆನಪೇ ಆಗಲಿಲ್ಲ. ನೇಕಾರರ ಹೊಟ್ಟೆಯಲ್ಲಿ ಹುಟ್ಟಿ ಅಮಾವಾಸ್ಯೆ ಮರೆತಿದ್ದ. ಆ ಚಾನೆಲ್ಲಿನ ಆಸೆಗೆ ಹೀಗೆ ಮಾಡಿದೆಯಾ ಎಂದು ಕೇಳಿದೆ.

"ನಾ ಅಲ್ಲ, ಅವ್ವನ ಅಂದ್ಳು," ಎಂದ. "ನನ್ನ ಕೆಮ್ಮು ಕೇಳಿದ್ರ ಆಕಿಗೆ ನಿದ್ದಿ ಹತ್ತೂದಿಲ್ಲ, ತಗದ ಕಳಸು ಅಂದ್ಳು. ನಾ ಏನ್ ಮಾಡ್ಲಿ?"

ಇಲ್ಲಿ ಯಾರದೋ ತಾಯಂದಿರು ಒಂದು ಸಲ ಕೆಮ್ಮಿದರೆ ಓಡಿಹೋಗಿ ಬೆನ್ನು ಸವರುತ್ತೇನೆ, ಕಫದ ಬಣ್ಣ ನೋಡುತ್ತೇನೆ, ಅದಕ್ಕೇ ನನಗೆ ಸಂಬಳ. ನನ್ನ ತಾಯಿಯ ಕೆಮ್ಮನ್ನು ನನ್ನ ಸುಖಕ್ಕೆ ಕತ್ತರಿಸಿ ಎಸೆದಿದ್ದರು. ಇಂಥ ಬಾಳಿಗೆ ಬೆಂಕಿ ಹಾಕಬೇಕು ಎನಿಸಿತು.

ರಜೆ ಸಿಕ್ಕಿದ್ದು ಶ್ರಾವಣದಲ್ಲಿ. ರೈಲು ಬಾದಾಮಿ ದಾಟುವಾಗ ಆ ಕೆಂಪು ಗುಡ್ಡ ನೋಡಿ ಬಂದೆನಪ್ಪಾ ಎಂದು ಉಸಿರು ಬಿಟ್ಟೆ. ಬಾಗಲಕೋಟೆಯಲ್ಲಿ ಇಳಿದು ಬಸ್ಸು ಹಿಡಿದರೆ ಹಾರ್ನು ತಲೆಯೊಳಗೇ ಬಡಿಯುತ್ತಿತ್ತು. ಮನೆಗೆ ಹೋದರೆ ಬೆಳಗಿನ ಸ್ಪೀಕರು, ಕುಕ್ಕರು, ಪಕ್ಕದ ಮನೆಯ ಟಿ.ವಿ. ಮೊದಲ ದಿನವೇ ಪಕ್ಕದ ಮನೆಯ ಕಾಕಾನಿಗೆ, ಮನೆಯಲ್ಲಿ ರೋಗಿ ಇದ್ದಾರೆ, ಟಿ.ವಿ. ಸಣ್ಣಗೆ ಮಾಡಿರಿ ಎಂದು ಹೇಳಿಬಂದೆ. "ನರ್ಸ್ ಬಾಯಾರು ಪೂರಾ ಜರ್ಮನಿಯವರ ಆಗ್ಯಾರ" ಎಂದು ಅವನು ನನ್ನ ಬೆನ್ನಿಗೆ ಕೇಳುವಂತೆ ಅಂದ. ಹೌದು ಮತ್ತೆ. ಅಲ್ಲಿ ಶೇಂಗಾ ಕುಟ್ಟಿದರೆ ನಾನು ಗದ್ದಲದವಳು, ಇಲ್ಲಿ ಟಿ.ವಿ. ಸಣ್ಣ ಮಾಡಿ ಎಂದರೆ ನಾನು ಪರದೇಶಿ.

ಅವ್ವ ಮಗ್ಗದ ಪಕ್ಕದಲ್ಲೇ ಮಂಚ ಹಾಕಿಸಿಕೊಂಡಿದ್ದಳು. ಕುಣಿಯ ಮೇಲೆ ಹಲಗೆ ಮುಚ್ಚಿತ್ತು. ಅರ್ಧ ಆಳಾಗಿದ್ದಳು; ದಿಂಬಿಗೆ ಒರಗಿ ಕೂತೇ ನಿದ್ದೆ ಮಾಡಬೇಕು, ಅದೂ ಬರುವುದಿಲ್ಲ. ಒಂದು ಮಧ್ಯಾಹ್ನ, ಇಷ್ಟು ಜನರನ್ನು ಮಲಗಿಸಿದ್ದು ಇವಳನ್ನೂ ಮಲಗಿಸೀತು ಎಂದು ಆ ವಿಡಿಯೊ ಹಚ್ಚಿ ಫೋನನ್ನು ದಿಂಬಿನ ಹತ್ತಿರ ಇಟ್ಟೆ. ಕಣ್ಣು ಮುಚ್ಚಿ ಕೇಳಿದಳು. ಬಲಗೈ ಹೊದಿಕೆಯ ಮೇಲೆ ಸ್ವಲ್ಪ ಹೊತ್ತು ಆಡಿ, ತಾಳ ತಪ್ಪಿ ನಿಂತಿತು.

"ಯಾರ ಕೈ ಇದು?" ಎಂದಳು.

ನಿನ್ನದೇ ಎಂದೆ.

"ನಂದಲ್ಲ ಬಿಡು. ನಡುನಡು ನಾ ಉಸಿರಿಗೆ ನಿಂದರ್ತಿದ್ನೆಲ್ಲ, ಅದೆಲ್ಲಿ ಹೋತು? ಹಿಂಗ ಒಂದ ಸಮನ ಮನಶ್ಯಾರು ನೇಯೂದಿಲ್ಲ." ಆಮೇಲೆ ನನ್ನ ಮುಖ ನೋಡಿ, "ನಿನಗ ನಿದ್ದಿ ಬಂತಲ್ಲ, ಸಾಕು" ಎಂದಳು.

ಎದ್ದು ಅಡುಗೆಮನೆಗೆ ಹೋಗಿ ಅತ್ತೆ. ಇಷ್ಟು ದಿನ ನಾನು ಯಾರದೂ ಅಲ್ಲದ ಕೈಯ ಸದ್ದಿಗೆ ಮಲಗಿದ್ದೆ. ಅವಳು ನಿಂತು ಉಸಿರು ಹುಡುಕಿದ ಜಾಗಗಳೇ ಅವಳವು, ಅವನ್ನೇ ತೆಗೆದಿದ್ದರು. ಮೂಲ ರೆಕಾರ್ಡು ಇದೆಯಾ ಎಂದು ಅಣ್ಣನನ್ನು ಕೇಳಿದೆ. ಮೊಬೈಲಿನಲ್ಲಿ ಜಾಗ ಸಾಲದೆ ಅಳಿಸಿದೆ, ಕೆಮ್ಮಿದ್ದವನ್ನು ಚಾನೆಲ್ಲಿನಿಂದಲೂ ತೆಗೆದೆ ಎಂದ. ನನಗೆ ಮೊದಲು ಕಳಿಸಿದ್ದನ್ನು ಚಾನೆಲ್ ಬಂದ ಮೇಲೆ ನಾನೇ ಅಳಿಸಿದ್ದೆ. ಚಾನೆಲ್ ಮುಚ್ಚು ಎಂದೆ. ಮುಚ್ಚಿದ. ಒಂದಿಷ್ಟು ಜನರ ನಿದ್ದೆ ಕೆಟ್ಟಿರಬೇಕು, ಕೆಡಲಿ.

ಕೆಲಸ ಬಿಟ್ಟು ಇಲ್ಲೇ ಉಳಿಯುತ್ತೇನೆ ಎಂದಾಗ ಅವ್ವ ಸಿಟ್ಟಾದಳು. "ಇಲ್ಲಿ ಕೂತು ನನ್ನ ಉಸಿರ ಎಣಸ್ತೀ ಏನ? ಹೋಗು" ಎಂದಳು. ಅವಳ ಔಷಧ, ಆಮ್ಲಜನಕದ ಯಂತ್ರ ಎಲ್ಲವೂ ನನ್ನ ಆ ಕೆಲಸದಿಂದಲೇ ನಡೆಯಬೇಕಿತ್ತು. ಅದು ಅವಳಿಗೂ ಗೊತ್ತು, ನನಗೂ ಗೊತ್ತು. ಹೊರಟುಬಂದೆ.

ಈಗ ನಾನು ಯಾವ ವಿಡಿಯೊವನ್ನೂ ಹಚ್ಚುವುದಿಲ್ಲ. ಪಾಳಿ ಮುಗಿಸಿ ಕೋಣೆಗೆ ಬರುವ ಹೊತ್ತಿಗೆ ಇಳಕಲ್ಲಿನಲ್ಲಿ ನಡು ಹಗಲು. ವೈನಿ ಒಂದು ಹಳೆಯ ಫೋನಿನಲ್ಲಿ ಕರೆ ಹಚ್ಚಿ ಅವ್ವನ ಮಂಚದ ಮೇಲೆ ಇಟ್ಟು ತನ್ನ ಕೆಲಸಕ್ಕೆ ಹೋಗುತ್ತಾಳೆ. ನಾವಿಬ್ಬರೂ ಮಾತಾಡುವುದಿಲ್ಲ. ಯಂತ್ರ ಗುಂಯ್‌ಗುಡುತ್ತದೆ, ಅವ್ವ ಕೆಮ್ಮುತ್ತಾಳೆ, ಉಗುಳುತ್ತಾಳೆ, ಶಿವನೇ ಅನ್ನುತ್ತಾಳೆ. ಎರಡು ಗಾಜಿನ ಕಿಟಕಿ ಮುಚ್ಚಿಕೊಂಡು ನಾನು ಅದನ್ನೇ ಕಿವಿಗೆ ಇಟ್ಟುಕೊಂಡು ಮಲಗುತ್ತೇನೆ. ಕೆಮ್ಮು ಕೇಳಿಸುತ್ತಿರುವ ತನಕ ನಿದ್ದೆ ಇರುತ್ತದೆ. ಅದು ನಿಂತರೆ ಥಟ್ಟನೆ ಎಚ್ಚರವಾಗಿ ಎದ್ದು ಕೂರುತ್ತೇನೆ, ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತೇನೆ, ಕೆಮ್ಮವ್ವಾ, ಒಮ್ಮೆ ಕೆಮ್ಮು ಎಂದು ಕಾಯುತ್ತೇನೆ.